‘ಹರಿಹರ’ವನ್ನು ‘ಹರ, ಹರ’ ಮಾಡುವ ಪೈಥಾನ್: ಅದರ ಬಗ್ ತಿದ್ದುವ ವ್ಯವಸ್ಥೆ ಹೇಗಿದೆ?

ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡು ಜಿಲ್ಲೆಗಳ ತಾಲ್ಲೂಕುಗಳ ಹೆಸರನ್ನು ಒಂದು ಸಾಲಿನಲ್ಲಿ ಬರೆದು, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಠ್ಯದೊಳಗೆ ಪ್ಯಾಟರ್ನ್ ಹುಡುಕುವ ‘ಆರ್‌ಇ’ ಮಾಡ್ಯೂಲಿಗೆ ಕೊಟ್ಟು ಪದಗಳನ್ನು ಬಿಡಿಸಿ ನೋಡಿ. ಪ್ಯಾಟರ್ನ್ ಎಲ್ಲ ಪಾಠಗಳಲ್ಲೂ ಹೇಳಿಕೊಡುವುದೇ: ಬ್ಯಾಕ್‌ಸ್ಲ್ಯಾಶ್, ಡಬ್ಲ್ಯೂ, ಪ್ಲಸ್, ಅಂದರೆ ‘ಪದದ ಅಕ್ಷರಗಳು ಒಂದೋ ಹೆಚ್ಚೋ’. ‘ಹರಿಹರ’ ಕೊಟ್ಟರೆ ‘ಹರ’, ‘ಹರ’ ಬರುತ್ತದೆ. ‘ಜಗಳೂರು’ ಕೊಟ್ಟರೆ ‘ಜಗಳ’, ‘ರ’. ‘ದಾವಣಗೆರೆ’ ಮೂರು ತುಂಡಾಗುತ್ತದೆ: ‘ದ’, ‘ವಣಗ’, ‘ರ’. ‘ಚಿತ್ರದುರ್ಗ’ ಐದು ಚೂರು. ‘ಕನ್ನಡ’ ಎಂಬ ಪದವೇ ‘ಕನ’, ‘ನಡ’ ಆಗುತ್ತದೆ. ಎರರ್ ಬರುವುದಿಲ್ಲ, ವಾರ್ನಿಂಗ್ ಬರುವುದಿಲ್ಲ. ಪದಗಳ ಲೆಕ್ಕ ತಪ್ಪಾಗಿಯೇ ಪ್ರಾಜೆಕ್ಟ್ ರಿಪೋರ್ಟಿಗೆ ಹೋಗಿ ಕೂರುತ್ತದೆ.

ಕಾರಣ ಇಷ್ಟು. ಈ ಪ್ಯಾಟರ್ನಿಗೆ ‘ಪದದ ಅಕ್ಷರ’ ಎಂದರೆ ಅಕ್ಷರವೋ ಅಂಕಿಯೋ ಎಂದು ನೋಡುವ ಸ್ಟ್ರಿಂಗಿನ ‘ಈಸ್‌ಆಲ್‌ನಮ್’ ಹೌದು ಎನ್ನುವಂಥದ್ದು, ಜೊತೆಗೆ ಅಂಡರ್‌ಸ್ಕೋರ್. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕ, ನ, ಡ ಇವು ಅಕ್ಷರ ಎಂಬ ವರ್ಗಕ್ಕೆ ಸೇರುತ್ತವೆ. ಗುಣಿತದ ಚಿಹ್ನೆಗಳು ಮತ್ತು ಒತ್ತಕ್ಷರ ಕಟ್ಟುವ ಹಲಂತ ‘ಮಾರ್ಕ್’ ಎಂಬ ಬೇರೆ ವರ್ಗದವು. ಹಾಗಾಗಿ ಗುಣಿತ, ಒತ್ತು ಬಂದ ಕಡೆಯೆಲ್ಲ ಪದ ಮುರಿಯುತ್ತದೆ. ‘ದಾವಣಗೆರೆ’ಯಲ್ಲಿರುವುದೆಲ್ಲ ಅಕ್ಷರವೇ ಎಂದು ‘ಈಸ್‌ಆಲ್ಫಾ’ ಕೇಳಿದರೆ ಫಾಲ್ಸ್ ಎನ್ನುವುದೂ ಇದೇ ಕಾರಣಕ್ಕೆ. ಅದೇ ಪದವನ್ನು ವೇರಿಯಬಲ್ ಹೆಸರಾಗಿ ಇಡಬಹುದೇ ಎಂದು ‘ಈಸ್‌ಐಡೆಂಟಿಫೈಯರ್’ ಕೇಳಿದರೆ ಟ್ರೂ ಬರುತ್ತದೆ. ಒಂದೇ ಭಾಷೆಯೊಳಗೆ ಎರಡು ನ್ಯಾಯ.

ಇಂಥದ್ದು ಕಂಡಾಗ ಪೈಥಾನ್ ಬಳಗಕ್ಕೆ ವರದಿ ಮಾಡುವ, ಕೈಲಾದರೆ ತಿದ್ದಿಯೂ ಕೊಡುವ ವ್ಯವಸ್ಥೆ ಎಷ್ಟು ಚೆನ್ನಾಗಿದೆ ಎಂಬುದೇ ಇಲ್ಲಿನ ವಿಷಯ. ಸಾಮಾನ್ಯ ಬಗ್ಗುಗಳಿಗೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಮೇಲಿನಂಥ ಕನ್ನಡದ ತೊಂದರೆಗೆ ಎರಡರ ಮೇಲೆ ಕೊಡಲು ಮನಸ್ಸು ಬಾರದು.

ವರದಿ ಮಾಡುವ ಜಾಗ 2022ರ ಏಪ್ರಿಲ್‌ನಿಂದ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್. ಅದಕ್ಕೂ ಮೊದಲು ಪೈಥಾನಿನದೇ ಬೇರೆ ಟ್ರ್ಯಾಕರ್ ಇತ್ತು. ಅಲ್ಲಿನ ಹಳೆಯ ವರದಿಗಳು ಚರ್ಚೆಯ ಸಮೇತ ಇಲ್ಲಿಗೆ ಬಂದಿವೆ. ಖಾತೆಗೆ ದುಡ್ಡಿಲ್ಲ. ಫಾರಂ ತೆರೆದಾಗ ಬಗ್, ಡಾಕ್ಯುಮೆಂಟೇಶನ್, ಹೊಸ ಸೌಲಭ್ಯ ಎಂಬ ಆಯ್ಕೆಗಳಿರುತ್ತವೆ. ಆಯ್ಕೆ ತಪ್ಪಾದರೂ ಚಿಂತೆಯಿಲ್ಲ, ಟ್ರೈಯಾಜ್ ಮಾಡುವವರು, ಅಂದರೆ ಬಂದ ವರದಿಗಳನ್ನು ವಿಂಗಡಿಸುವವರು, ಲೇಬಲ್ ಸರಿಪಡಿಸುತ್ತಾರೆ. ಭದ್ರತೆಯ ದೋಷವನ್ನು ಮಾತ್ರ ಇಲ್ಲಿ ಬಹಿರಂಗವಾಗಿ ಹಾಕಬಾರದು. ಅದಕ್ಕೆ ಪ್ರತ್ಯೇಕ ಸೆಕ್ಯುರಿಟಿ ಮೇಲ್ ವಿಳಾಸವಿದೆ.

ಬಗ್ ಎಂದು ಬಂದು ‘ಬಗ್ ಅಲ್ಲ’ ಎಂದು ಮುಚ್ಚಿಹೋಗುವ ವರದಿಗಳಿಗೆ ಲೆಕ್ಕವಿಲ್ಲ. ಬಿಲ್ ಲೆಕ್ಕ ಬರೆಯುವವರು ತಪ್ಪದೆ ಎಡವುವುದು ರೌಂಡ್ ಫಂಕ್ಷನ್ನಿನಲ್ಲಿ. 2.675 ಅನ್ನು ಎರಡು ದಶಾಂಶಕ್ಕೆ ರೌಂಡ್ ಮಾಡಿದರೆ 2.68 ಬದಲು 2.67 ಬರುತ್ತದೆ. ಬೈನರಿಯಲ್ಲಿ ಆ ಸಂಖ್ಯೆ 2.675ಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಗಿ ಕೂರುತ್ತದೆ, ಅದಕ್ಕೆ. 2.5 ರೌಂಡ್ ಮಾಡಿದರೆ 2, 3.5 ಮಾಡಿದರೆ 4. ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದು ನಿಯಮ. ಎರಡೂ ಡಾಕ್ಯುಮೆಂಟಿನಲ್ಲಿ ಬರೆದಿವೆ. ಜಿಎಸ್‌ಟಿ ಲೆಕ್ಕಕ್ಕೆ ಡೆಸಿಮಲ್ ಮಾಡ್ಯೂಲ್, ಅದರಲ್ಲಿ ರೌಂಡ್ ಹಾಫ್ ಅಪ್. ವಿಂಡೋಸಿನಲ್ಲಿ ಸಿಎಸ್‌ವಿ ಬರೆದಾಗ ಸಾಲು ಸಾಲಿನ ಮಧ್ಯೆ ಖಾಲಿ ಸಾಲು ಬರುವುದೂ ಬಗ್ ಅಲ್ಲ. ಫೈಲ್ ತೆರೆಯುವಾಗ ‘ನ್ಯೂಲೈನ್’ಗೆ ಖಾಲಿ ಸ್ಟ್ರಿಂಗ್ ಕೊಡಬೇಕು. ಫೈಲಿಗೆ ಕನ್ನಡ ಬರೆಯುವಾಗ ಪೈಥಾನ್ ‘ಚಾರ್‌ಮ್ಯಾಪ್’ ಎರರ್ ಎಂದು ಕೂಗಿಕೊಂಡರೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಲು ಮರೆತಿದ್ದೀರಿ. ಇದನ್ನು ಡೀಫಾಲ್ಟ್ ಮಾಡುವ ತೀರ್ಮಾನ ಪೈಥಾನ್ 3.15ನೇ ಆವೃತ್ತಿಗೆ ಆಗಿದೆ. ಎಕ್ಸೆಲ್‌ನಲ್ಲಿ ತೆರೆಯುವ ಫೈಲಿಗೆ ‘ಯುಟಿಎಫ್-8-ಸಿಗ್’ ಕೊಡುವುದು ಒಳ್ಳೆಯದು.

ಇನ್ನೊಂದು ಸಣ್ಣ ಬಲೆ: ಪ್ರಾಜೆಕ್ಟ್ ಫೋಲ್ಡರಿನಲ್ಲಿ ನೀವೇ ಬರೆದ ಫೈಲಿಗೆ ‘ಸಿಎಸ್‌ವಿ’ ಅಥವಾ ‘ರ‍್ಯಾಂಡಮ್’ ಎಂದು ಹೆಸರಿಟ್ಟಿದ್ದರೆ ಇಂಪೋರ್ಟ್ ಆಗುವುದು ನಿಮ್ಮ ಫೈಲೇ, ಲೈಬ್ರರಿಯದ್ದಲ್ಲ. 3.13ರಿಂದ ಎರರ್ ಮೆಸೇಜೇ ಇದನ್ನು ಸೂಚಿಸುತ್ತದೆ.

ಆವೃತ್ತಿ ನೋಡದೆ ವರದಿ ಬರೆಯಬೇಡಿ. ಉಬುಂಟು 22.04 ಹಾಕಿದ ಲ್ಯಾಬ್ ಕಂಪ್ಯೂಟರಿನಲ್ಲಿರುವುದು 3.10, ಅದಕ್ಕೆ ಸಾಮಾನ್ಯ ಬಗ್ ತಿದ್ದುವ ಅವಧಿ 2023ರಲ್ಲೇ ಮುಗಿದಿದೆ. 3.13ರಿಂದ ಈಚೆಗೆ ಪ್ರತಿ ಆವೃತ್ತಿಗೆ ಎರಡು ವರ್ಷ ಪೂರ್ಣ ತಿದ್ದುಪಡಿ, ಆಮೇಲೆ ಮೂರು ವರ್ಷ ಭದ್ರತೆಯದ್ದು ಮಾತ್ರ. ಹೊಸ ಆವೃತ್ತಿಯಲ್ಲೂ ತೊಂದರೆ ಇದೆಯೇ ಎಂದು ನೋಡಿದ ಮೇಲೆ ಬರೆಯಿರಿ. ಸಿಜಿಐ, ಟೆಲ್ನೆಟ್‌ಲಿಬ್ ಮುಂತಾದ 19 ಮಾಡ್ಯೂಲುಗಳನ್ನು 3.13ರಲ್ಲಿ ತೆಗೆದೇ ಹಾಕಿದ್ದಾರೆ, ಅವುಗಳ ವರದಿ ವ್ಯರ್ಥ.

ಒಳ್ಳೆಯ ವರದಿಗೆ ಹತ್ತು ಸಾಲಿನ ಕೋಡ್ ಸಾಕು. ಪಾಂಡಾಸ್, ನಂಪೈನಂಥ ಹೊರಗಿನ ಲೈಬ್ರರಿ ಏನೂ ಇರಬಾರದು. ಏನು ಬಂತು, ಏನು ಬರಬೇಕಿತ್ತು, ಹಾಗೆ ಬರಬೇಕೆಂದು ಡಾಕ್ಯುಮೆಂಟಿನ ಯಾವ ವಾಕ್ಯ ಹೇಳುತ್ತದೆ, ಇವು ಮೂರೂ ಇರಲಿ. ಆ ಮೂರನೆಯದರ ಮೇಲೆಯೇ ವರದಿಯ ಹಣೆಬರಹ ನಿಂತಿದೆ. ಕನ್ನಡ ಪಠ್ಯವಿದ್ದರೆ, ಅಕ್ಷರಗಳನ್ನು ಅವುಗಳ ಕೋಡ್ ಆಗಿ ತೋರಿಸುವ ‘ಆಸ್ಕಿ’ ಫಂಕ್ಷನ್ನಿನ ಔಟ್‌ಪುಟ್ಟನ್ನೂ ಅಂಟಿಸಿ. ಓದುವವರಿಗೆ ಕನ್ನಡ ಬಾರದು, ಮೇಲಾಗಿ ಫಾಂಟ್ ನಮ್ಮ ಕಣ್ಣಿಗೂ ಮಣ್ಣೆರಚುತ್ತದೆ. ‘ಹೊನ್ನಾಳಿ’ಯ ‘ಹೊ’ದಲ್ಲಿ ಒಕಾರ ಒಂದೇ ಕೋಡ್ ಆಗಿರಬಹುದು, ಎಕಾರದ ಚಿಹ್ನೆಯ ಪಕ್ಕ ಊಕಾರದ ಚಿಹ್ನೆ ಸೇರಿ ಎರಡು ಕೋಡ್ ಆಗಿರಲೂಬಹುದು. ತೆರೆಯ ಮೇಲೆ ಎರಡೂ ಒಂದೇ, ಹೋಲಿಸಿದರೆ ಫಾಲ್ಸ್. ಇದೂ ಬಗ್ ಅಲ್ಲ. ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಎನ್‌ಎಫ್‌ಸಿಗೆ, ಅಂದರೆ ಇಂಥ ಎರಡು ಕೋಡನ್ನು ಒಂದಾಗಿಸುವ ರೂಪಕ್ಕೆ, ನಾರ್ಮಲೈಸ್ ಮಾಡಿ ಹೋಲಿಸಬೇಕು. ‘ಪೆಂಡಿಂಗ್’ ಲೇಬಲ್ ಬಿದ್ದರೆ ಉತ್ತರ ನಿಮ್ಮಿಂದ ಬರಬೇಕಿದೆ ಎಂದರ್ಥ. ಸುಮ್ಮನಿದ್ದರೆ ವರದಿ ಮುಚ್ಚಿಹೋಗುತ್ತದೆ.

ತಿದ್ದಿ ಕೊಡುವ ಕೆಲಸವನ್ನು ಈ ಬಳಗ ನಿಜಕ್ಕೂ ಅಚ್ಚುಕಟ್ಟಾಗಿ ಕಟ್ಟಿದೆ. ಲಿನಕ್ಸ್ ಅಥವಾ ವಿಂಡೋಸಿನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯೂಎಸ್‌ಎಲ್‌ನಲ್ಲಿ ಮಾಡುವುದು ಸುಲಭ. ರೆಪಾಸಿಟರಿ ಕ್ಲೋನ್ ಮಾಡಿ, ‘ವಿತ್-ಪೈಡೀಬಗ್’ ಆಯ್ಕೆಯೊಂದಿಗೆ ಕಾನ್ಫಿಗರ್, ಆಮೇಲೆ ಮೇಕ್. ಎಸ್‌ಎಸ್‌ಎಲ್, ಲಿಬ್‌ಎಫ್‌ಎಫ್‌ಐ, ಜೆಡ್‌ಲಿಬ್‌ಗಳ ‘ಡೆವ್’ ಪ್ಯಾಕೇಜುಗಳು ಇಲ್ಲದಿದ್ದರೂ ಬಿಲ್ಡ್ ಮುಗಿಯುತ್ತದೆ, ಆದರೆ ಆ ಮಾಡ್ಯೂಲುಗಳು ಹುಟ್ಟುವುದಿಲ್ಲ, ಅವುಗಳ ಟೆಸ್ಟುಗಳು ಸ್ಕಿಪ್ ಆಗುತ್ತವೆ. ಎಲ್ಲ ಪಾಸಾಯಿತು ಎಂದು ಭ್ರಮೆ ಹುಟ್ಟುವುದು ಇಲ್ಲೇ. ಮೇಕ್‌ನ ಕೊನೆಯಲ್ಲಿ ಬರುವ ‘ಸಿಗಲಿಲ್ಲ’ ಪಟ್ಟಿಯನ್ನು ಓದಿ.

ಮೊದಲು ಬರೆಯಬೇಕಾದ್ದು ಟೆಸ್ಟ್. ಅದು ಹಳೆಯ ಕೋಡಿನಲ್ಲಿ ಫೇಲ್ ಆಗುವುದನ್ನು ಕಣ್ಣಾರೆ ನೋಡಿ, ಆಮೇಲೆ ತಿದ್ದಿ. ‘ಬ್ಲರ್ಬ್’ ಎಂಬ ಸಾಧನದಿಂದ ಎರಡು ಸಾಲಿನ ನ್ಯೂಸ್ ಟಿಪ್ಪಣಿ ಸೇರಿಸಿ. ಪುಲ್ ರಿಕ್ವೆಸ್ಟಿನ (ತಿದ್ದಿದ ಕೋಡನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಯ) ಶೀರ್ಷಿಕೆ ‘ಜಿಎಚ್’, ಅಡ್ಡಗೆರೆ, ವರದಿಯ ಸಂಖ್ಯೆ ಎಂದು ಶುರುವಾಗಬೇಕು. ಕಾಂಟ್ರಿಬ್ಯೂಟರ್ ಒಪ್ಪಂದಕ್ಕೆ ಒಮ್ಮೆ ಸಹಿ ಬೇಕು. ಕಮಿಟ್‌ನಲ್ಲಿರುವ ಮೇಲ್ ವಿಳಾಸ ಬೇರೆಯಾಗಿದ್ದರೆ ಬಾಟ್ ಅಲ್ಲೇ ತಡೆಯುತ್ತದೆ. ವಿಮರ್ಶೆ ಶುರುವಾದ ಮೇಲೆ ಫೋರ್ಸ್ ಪುಶ್ ಮಾಡಿ ಹಿಂದಿನ ಕಮಿಟ್‌ಗಳನ್ನು ಅಳಿಸಬೇಡಿ, ಹೊಸ ಕಮಿಟ್ ಸೇರಿಸುತ್ತ ಹೋಗಿ. ಕೊನೆಗೆ ಎಲ್ಲವನ್ನೂ ಅವರೇ ಒಂದಾಗಿಸಿ ಸೇರಿಸುತ್ತಾರೆ. ಒಪ್ಪಿಗೆಯಾದ ತಿದ್ದುಪಡಿಯನ್ನು ಚಾಲ್ತಿಯ ಹಳೆಯ ಆವೃತ್ತಿಗಳಿಗೆ ಒಯ್ಯುವ ಕೆಲಸವನ್ನು ಲೇಬಲ್ ನೋಡಿ ಬಾಟ್ ಮಾಡುತ್ತದೆ. ತಿದ್ದುಪಡಿ ಬಿಡುಗಡೆಗಳು ಸುಮಾರು ಎರಡು ತಿಂಗಳಿಗೊಮ್ಮೆ ಬರುವುದರಿಂದ, ದಾವಣಗೆರೆಯ ಹಾಸ್ಟೆಲಿನಲ್ಲಿ ಕೂತು ತಿದ್ದಿದ ಸಾಲು ಅದೇ ಸೆಮಿಸ್ಟರಿನೊಳಗೆ ಲೋಕದ ಕಂಪ್ಯೂಟರುಗಳಿಗೆ ತಲುಪಬಹುದು. ಇದು ಸಣ್ಣ ಮಾತಲ್ಲ. ಕಾಯಿಸುವುದು ವಿಮರ್ಶೆ. ಅದನ್ನು ಮಾಡುವವರಲ್ಲಿ ಬಹುಪಾಲು ಜನ ಬಿಡುವಿನ ವೇಳೆಯ ಸ್ವಯಂಸೇವಕರು. ಒಂದು ತಿಂಗಳು ಉತ್ತರವಿಲ್ಲದಿದ್ದರೆ ಒಂದು ಸಾಲು ನೆನಪಿಸುವುದು ತಪ್ಪಲ್ಲ.

ಇನ್ನು ಹರಿಹರದ ವಿಷಯ. ಇದೇ ದೂರು 2011ರಲ್ಲಿ, ಹಳೆಯ ಟ್ರ್ಯಾಕರಿನ 12731ನೇ ಸಂಖ್ಯೆಯಲ್ಲಿ ದಾಖಲಾಗಿದೆ. 3.13ರಲ್ಲೂ ವರ್ತನೆ ಹಾಗೇ ಇದೆ. ಪೈಥಾನಿನ ಒಳಗಿರುವ ಸಿ ಭಾಷೆಯ ಕೋಡಿನಲ್ಲಿ ನೋಡಿದರೆ ಬದಲಿಸಬೇಕಾದ್ದು ಒಂದೇ ಸಾಲು: ‘ಅಕ್ಷರ ಅಥವಾ ಅಂಕಿ, ಇಲ್ಲವೇ ಅಂಡರ್‌ಸ್ಕೋರ್’ ಎಂಬಲ್ಲಿಗೆ ಮಾರ್ಕ್ ವರ್ಗವನ್ನೂ ಸೇರಿಸುವುದು. ಆದರೆ ಪದದ ಗಡಿ ಹುಡುಕುವ ಬ್ಯಾಕ್‌ಸ್ಲ್ಯಾಶ್ ಬಿ ಕೂಡ ಅದೇ ಸಾಲಿನ ಮೇಲೆ ನಿಂತಿದೆ. ಅದನ್ನು ನೆಚ್ಚಿದ ಹಳೆಯ ಪ್ರೋಗ್ರಾಮುಗಳ ಫಲಿತಾಂಶ ಸದ್ದಿಲ್ಲದೆ ಬದಲಾಗುತ್ತದೆ. ಮೇಲಾಗಿ, ಈಗಿನ ವರ್ತನೆಯನ್ನೇ ಡಾಕ್ಯುಮೆಂಟಿನಲ್ಲಿ ಬರೆದಿಟ್ಟಿದ್ದಾರೆ. ‘ಈಸ್‌ಆಲ್ಫಾ’ದ ವಿವರಣೆಯಂತೂ ತನ್ನ ಅರ್ಥ ಯೂನಿಕೋಡಿನ ‘ಆಲ್ಫಬೆಟಿಕ್’ ಗುಣಕ್ಕಿಂತ ಬೇರೆ ಎಂದು ನೇರವಾಗಿಯೇ ಹೇಳುತ್ತದೆ. ಬರೆದ ಮಾತಿನಂತೆ ನಡೆದದ್ದು ಬಗ್ ಆಗುವುದಿಲ್ಲ ಎಂಬ ನಿಯಮ ರೌಂಡ್‌ಗೆ ನ್ಯಾಯ, ನಮ್ಮ ಲಿಪಿಗೆ ಅನ್ಯಾಯ. ರೌಂಡ್‌ನ ಹಿಂದೆ ಗಣಿತದ ಕಾರಣವಿದೆ. ಗುಣಿತಾಕ್ಷರ ಪದದ ಭಾಗವಲ್ಲ ಎನ್ನಲು ಯಾವ ಭಾಷೆಯ ಕಾರಣವೂ ಇಲ್ಲ.

ಸದ್ಯಕ್ಕೆ ಪಿಪ್‌ನಿಂದ ‘ರೆಜೆಕ್ಸ್’ ಎಂಬ ಪ್ರತ್ಯೇಕ ಮಾಡ್ಯೂಲ್ ಹಾಕಿಕೊಳ್ಳಿ. ಅದೇ ಪ್ಯಾಟರ್ನ್, ಪದ ಇಡಿಯಾಗಿ ಬರುತ್ತದೆ. ಹೊರಗಿನ ಮಾಡ್ಯೂಲ್ ಬೇಡವೆಂದರೆ ಚೌಕ ಬ್ರಾಕೆಟ್ಟಿನೊಳಗೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಜೊತೆಗೆ ಕನ್ನಡ ಬ್ಲಾಕನ್ನು, ಅಂದರೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ, ಸೇರಿಸಿ. ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಅಡಗಿರುವ ಜೋಡಣೆ ತಡೆಯುವ ಗುರುತು 200ಸಿ, ಅದನ್ನೂ ಹಾಕಿ. ಬ್ಯಾಕ್‌ಸ್ಲ್ಯಾಶ್ ಬಿ ಮಾತ್ರ ಇದರಿಂದ ಸರಿಹೋಗುವುದಿಲ್ಲ. ಹಳೆಯ ವರದಿಗೆ ಬರೆಯುವುದಾದರೆ ‘ನನಗೂ ಇದೇ ತೊಂದರೆ’ ಎಂದಷ್ಟೇ ಬರೆಯುವ ಬದಲು ಹರಿಹರ, ಜಗಳೂರು, ಹೊಳಲ್ಕೆರೆಗಳ ಫೇಲ್ ಆಗುವ ಟೆಸ್ಟನ್ನು ಆಸ್ಕಿ ರೂಪದಲ್ಲಿ ಸೇರಿಸಿ, ಜೊತೆಗೆ ಹಳೆಯ ಪ್ರೋಗ್ರಾಮುಗಳು ಮುರಿಯದಂತೆ ಹೊಸ ಫ್ಲ್ಯಾಗ್ ಒಂದರ ಹಿಂದೆ ಇದನ್ನು ತರಬಹುದೇ ಎಂದು ಕೇಳಿ.