ಪ್ರಾಗ್‌ನ ಅರ್ಧ ದಿನದ ಗೈಡ್ ಟೂರ್: ಕೋಟೆಗೆ ಒಂದು ತಾಸು, ಗಡಿಯಾರಕ್ಕೆ ಹತ್ತೇ ನಿಮಿಷ

ಹುಬ್ಬಳ್ಳಿ-ಧಾರವಾಡದ ಟೂರ್ ಕಚೇರಿಗಳಲ್ಲಿ ಬುಕ್ ಆಗುವ ಮಧ್ಯ ಯುರೋಪ್ ಪ್ಯಾಕೇಜುಗಳಲ್ಲಿ ವಿಯೆನ್ನಾ, ಬುಡಾಪೆಸ್ಟ್ ಜೊತೆಗೆ ಪ್ರಾಗ್ ಇದ್ದೇ ಇರುತ್ತದೆ. ಚೆಕ್ ದೇಶದ ಈ ರಾಜಧಾನಿಯನ್ನು ಸ್ಥಳೀಯ ಗೈಡ್ ಒಬ್ಬರು ಮೂರು-ನಾಲ್ಕು ತಾಸಿನಲ್ಲಿ ನಡೆಸಿಕೊಂಡು ತೋರಿಸುತ್ತಾರೆ. ಕೋಟೆಯಿಂದ ಶುರುವಾಗಿ ಸೇತುವೆ ದಾಟಿ ಹಳೇ ಪೇಟೆಯ ಚೌಕದಲ್ಲಿ ಮುಗಿಯುವ ಈ ನಡಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಸಮಯ ಹಂಚುವುದರಲ್ಲಿ ದೊಡ್ಡ ತಪ್ಪಿದೆ. ಗೈಡ್ ಇಲ್ಲದೆಯೂ ನೋಡಬಹುದಾದ ಕೋಟೆಗೆ ಒಂದು ತಾಸು ಸಿಗುತ್ತದೆ. ಗೈಡ್ ಇದ್ದರೆ ಮಾತ್ರ ಅರ್ಥವಾಗುವ, ಚೌಕದ ಖಗೋಳ ಗಡಿಯಾರಕ್ಕೆ ಹತ್ತು ನಿಮಿಷ.

ಮೊದಲು ಕಾಲಿನ ವಿಚಾರ. ಬಸ್ಸು ಹಳೇ ಊರಿನ ಒಳಗೆ ಬರುವುದಿಲ್ಲ. ಕೋಟೆಯ ಮೇಲ್ಭಾಗದಲ್ಲಿ ಇಳಿಸಿದರೆ ಇಡೀ ದಾರಿ ಇಳಿಜಾರು, ಹಿರಿಯರೂ ನಡೆಯಬಲ್ಲರು. ಕೆಳಗೆ ನದಿಯ ಕಡೆ ಇಳಿಸಿದರೆ ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಯೇ ಶುರು ಮಾಡಬೇಕು, ಮೊಣಕಾಲು ನೋವಿದ್ದವರ ದಿನ ಅಲ್ಲಿಗೇ ಮುಗಿಯಿತು. ಬುಕ್ ಮಾಡುವಾಗಲೇ ಇದನ್ನು ಕೇಳಿಕೊಳ್ಳಿ. ದಾರಿಯುದ್ದಕ್ಕೂ ಸಣ್ಣ ಸಣ್ಣ ಚೌಕದ ಹಾಸುಗಲ್ಲು, ಮಳೆ ಬಿದ್ದರೆ ಜಾರುತ್ತದೆ. ಚಪ್ಪಲಿ, ಹೊಸ ಶೂ ಎರಡೂ ಬೇಡ. ತಿಂಗಳಾದರೂ ಹಾಕಿ ಪಳಗಿಸಿದ, ರಬ್ಬರ್ ಅಡಿಯ ಶೂ ಇರಲಿ.

ಕೊರಳಿಗೆ ಹಾಕಿಕೊಳ್ಳುವ ಸಣ್ಣ ರಿಸೀವರ್ ಮತ್ತು ಒಂದು ಕಿವಿಯ ಇಯರ್‌ಫೋನ್ ಕೊಡುತ್ತಾರೆ. ಗೈಡ್ ಮುಂದೆ ಹೋಗಿ ನೀವು ಫೋಟೋಕ್ಕೆಂದು ಹಿಂದೆ ಉಳಿದರೆ ಮೊದಲು ಗರಗರ ಸದ್ದು, ಆಮೇಲೆ ಮೌನ. ಸದ್ದು ಕೆಟ್ಟಿತೆಂದರೆ ಯಂತ್ರ ಕೆಟ್ಟಿಲ್ಲ, ನೀವು ಹಿಂದೆ ಬಿದ್ದಿದ್ದೀರಿ ಎಂದೇ ಅರ್ಥ. ತಕ್ಷಣ ಗೈಡ್ ಎತ್ತಿ ಹಿಡಿದ ಛತ್ರಿ ಹುಡುಕಿ. ಚೆಕ್ ಉಚ್ಚಾರದ ಇಂಗ್ಲಿಷ್ ಮೊದಲ ಹದಿನೈದು ನಿಮಿಷ ಕಷ್ಟ, ಆಮೇಲೆ ಕಿವಿ ಹೊಂದಿಕೊಳ್ಳುತ್ತದೆ.

ಕೋಟೆಯ ಅಂಗಳಗಳಿಗೆ ಟಿಕೆಟ್ ಇಲ್ಲ, ಭದ್ರತಾ ತಪಾಸಣೆಯ ಸಾಲು ಮಾತ್ರ. ಸೇಂಟ್ ವೀಟಸ್ ಕ್ಯಾಥೆಡ್ರಲ್ ಕಟ್ಟಲು ಶುರುವಾದದ್ದು 1344ರಲ್ಲಿ, ಪೂರ್ತಿಯಾದದ್ದು 1929ರಲ್ಲಿ. ಬಾಗಿಲ ಹತ್ತಿರದ ಸ್ವಲ್ಪ ಭಾಗ ಬಿಟ್ಟರೆ ಒಳಗೆ ಹೋಗಲು ಟಿಕೆಟ್ ಬೇಕು. ಪ್ಯಾಕೇಜಿನಲ್ಲಿ 'ಕೋಟೆ ದರ್ಶನ' ಎಂದಿದ್ದರೆ ಹೆಚ್ಚಿನ ಸಲ ಅದು ಹೊರಗಿನ ದರ್ಶನವೇ. ಭಾನುವಾರ ಮಧ್ಯಾಹ್ನದವರೆಗೆ ಪ್ರಾರ್ಥನೆ ಇರುವುದರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ.

ಚಾರ್ಲ್ಸ್ ಸೇತುವೆಯಲ್ಲಿ ಗೈಡ್‌ಗಳು ಚೆನ್ನಾಗಿ ಹೇಳುತ್ತಾರೆ. 516 ಮೀಟರ್ ಉದ್ದ, 16 ಕಮಾನು, ಎರಡೂ ಬದಿ ಸೇರಿ 30 ವಿಗ್ರಹ ಸಮೂಹ. ಅಡಿಗಲ್ಲು 1357ರ ಏಳನೇ ತಿಂಗಳು ಒಂಬತ್ತನೇ ತಾರೀಖು ಬೆಳಗಿನ 5.31ಕ್ಕೆ ಬಿತ್ತೆಂಬ ನಂಬಿಕೆ ಇದೆ. 1, 3, 5, 7, 9, 7, 5, 3, 1: ಬೆಸ ಸಂಖ್ಯೆಗಳು ಏರಿ ಇಳಿಯುವ ಈ ಮುಹೂರ್ತವನ್ನು ನಮ್ಮ ಮಂದಿಗೆ ಬಿಡಿಸಿ ಹೇಳುವ ಅಗತ್ಯವೇ ಇಲ್ಲ. 1393ರಲ್ಲಿ ನದಿಗೆ ಎಸೆಯಲ್ಪಟ್ಟ ನೆಪೊಮುಕ್‌ನ ಯಾನ್ ಎಂಬ ಪಾದ್ರಿಯ ಕಂಚಿನ ವಿಗ್ರಹ 1683ರದ್ದು, ಇಲ್ಲಿನ ಅತ್ಯಂತ ಹಳೆಯದು. ಅದರ ಪೀಠದಲ್ಲಿ ಎರಡು ಕಂಚಿನ ಫಲಕಗಳಿವೆ. ಮುಟ್ಟಿ ಮುಟ್ಟಿ ಎರಡೂ ಬಂಗಾರದಂತೆ ಹೊಳೆಯುತ್ತವೆ, ಸುತ್ತಲಿನ ಕಂಚು ಮಾತ್ರ ಕಪ್ಪು. ಪಾದ್ರಿಯನ್ನು ಸೇತುವೆಯಿಂದ ತಳ್ಳುವ ದೃಶ್ಯ ಇರುವುದು ಒಂದರಲ್ಲಿ. ಇನ್ನೊಂದರಲ್ಲಿ ಸೈನಿಕ ಮತ್ತು ನಾಯಿ. ಮಂದಿ ಗೊತ್ತಿಲ್ಲದೆ ನಾಯಿಗೂ ಕೈ ಮುಗಿದು ಬರುತ್ತಾರೆ. ವಿಗ್ರಹಗಳಲ್ಲಿ ಬಹುಪಾಲು ಈಗ ನಕಲು, ಮೂಲಗಳನ್ನು ಬೇರೆಡೆ ಕಾಪಾಡಿ ಇಟ್ಟಿದ್ದಾರೆ.

ಇನ್ನು ಹಳೇ ಪುರಭವನದ ಗೋಡೆಯ ಖಗೋಳ ಗಡಿಯಾರ. ಬೆಳಗಿನ 9ರಿಂದ ರಾತ್ರಿ 11ರವರೆಗೆ ಪ್ರತಿ ತಾಸಿಗೆ ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಮೇಲಿನ ಎರಡು ಕಿಟಕಿಗಳಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಸುತ್ತಿ ಹೋಗುತ್ತಾರೆ, ಹುಂಜ ಕೂಗುತ್ತದೆ. ನಿಮಿಷವೂ ಹಿಡಿಯುವುದಿಲ್ಲ. ಐದು ನಿಮಿಷ ಮೊದಲು ಗುಂಪನ್ನು ತಂದು ನಿಲ್ಲಿಸಿ, ಹುಂಜ ಕೂಗಿದ ಕೂಡಲೇ 'ಫ್ರೀ ಟೈಮ್' ಎಂದು ಬಿಟ್ಟುಬಿಡುತ್ತಾರೆ. 'ಇಷ್ಟೇನಾ?' ಎಂದು ಮುಖ ಮುಖ ನೋಡಿಕೊಳ್ಳುವವರೇ ಹೆಚ್ಚು. ನೋಡಬೇಕಾದದ್ದು ಗೊಂಬೆಗಳನ್ನಲ್ಲ, ಕೆಳಗಿನ ಮುಖಫಲಕವನ್ನು. ಮನೆಯಲ್ಲಿ ಪಂಚಾಂಗ ತೆರೆಯುವ ರೂಢಿ ಇರುವ ನಮ್ಮವರಿಗೆ ಅದು ಬೇರೆ ಪ್ರವಾಸಿಗರಿಗಿಂತ ಬೇಗ ತಿಳಿಯುತ್ತದೆ.

ಓದುವ ಕ್ರಮ ಹೀಗೆ. ತುದಿಯಲ್ಲಿ ಚಿನ್ನದ ಕೈ ಇರುವ ಮುಳ್ಳು ರೋಮನ್ ಅಂಕಿಗಳ ಮೇಲೆ ಎಲ್ಲಿದೆ ನೋಡಿ, ಅದು ಮಧ್ಯ ಯುರೋಪಿನ ಸಮಯ. ಅದೇ ಕೈ ಹೊರಗಿನ ಕಪ್ಪು ಉಂಗುರದ ಹಳೇ ಲಿಪಿಯ ಅಂಕಿಯನ್ನೂ ತೋರಿಸುತ್ತದೆ, ಅದು ಹಳೇ ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಲೆಕ್ಕ: ಸೂರ್ಯ ಮುಳುಗಿದಾಗ 24 ತಾಸು ಮುಗಿದು ಹೊಸ ದಿನ ಶುರು. ನಮ್ಮಲ್ಲಿ ಸೂರ್ಯೋದಯದಿಂದ ಘಳಿಗೆ ಎಣಿಸಿದಂತೆ ಅವರದು ಸೂರ್ಯಾಸ್ತದಿಂದ. ಸೂರ್ಯಾಸ್ತ ದಿನದಿಂದ ದಿನಕ್ಕೆ ಸರಿಯುವುದರಿಂದ ಈ ಉಂಗುರ ವರ್ಷವಿಡೀ ಆಚೀಚೆ ಸರಿಯುತ್ತಿರುತ್ತದೆ. ನೀಲಿ ಭಾಗದ ಬಾಗಿದ ಚಿನ್ನದ ಗೆರೆಗಳು ಹಗಲನ್ನು ಹನ್ನೆರಡು ಸಮಪಾಲು ಮಾಡುತ್ತವೆ. ರಾಹುಕಾಲಕ್ಕೆ ಹಗಲನ್ನು ಎಂಟು ಪಾಲು ಮಾಡುವ ರೀತಿಯೇ ಇದು. ನಮ್ಮೂರಲ್ಲಿ ಹಗಲು ಹೆಚ್ಚೆಂದರೆ 13 ತಾಸು, ಹಾಗಾಗಿ ಪಾಲು ಅಷ್ಟೇನೂ ಬದಲಾಗದು. ಪ್ರಾಗ್‌ನಲ್ಲಿ ಜೂನ್ ಹಗಲು 16 ತಾಸು ದಾಟುತ್ತದೆ, ಡಿಸೆಂಬರ್‌ನಲ್ಲಿ ಸುಮಾರು 8. ಅಂದರೆ ಒಂದು 'ಗಂಟೆ' ಬೇಸಿಗೆಯಲ್ಲಿ 80 ನಿಮಿಷ, ಚಳಿಗಾಲದಲ್ಲಿ 40.

ನಡುವೆ ಓರೆಯಾಗಿ ತಿರುಗುವ ಚಿಕ್ಕ ಉಂಗುರ ರಾಶಿಚಕ್ರ. ಅದರ ಮೇಲಿನ ಚಿನ್ನದ ಸೂರ್ಯ ಯಾವ ರಾಶಿಯಲ್ಲಿದ್ದಾನೆ ಎಂದು ಪಂಚಾಂಗಕ್ಕೆ ಹೋಲಿಸಿದರೆ ಹೆಚ್ಚಿನ ದಿನ ತಾಳೆಯಾಗುವುದಿಲ್ಲ. ಗಡಿಯಾರ ತಪ್ಪಿಲ್ಲ, ಪಂಚಾಂಗವೂ ತಪ್ಪಿಲ್ಲ. ಅವರದು ಸಾಯನ (ವಸಂತ ವಿಷುವದಿಂದ ರಾಶಿ ಎಣಿಸುವ ಲೆಕ್ಕ), ನಮ್ಮದು ನಿರಯನ (ನಕ್ಷತ್ರಗಳಿಂದ ಎಣಿಸುವ ಲೆಕ್ಕ). ನಡುವೆ ಸುಮಾರು 24 ಡಿಗ್ರಿ ಅಂತರ. ಅಲ್ಲಿ ಸೂರ್ಯ ಮೇಷಕ್ಕೆ ಬರುವುದು ಮಾರ್ಚ್ 21ರ ಸುಮಾರಿಗೆ, ನಮ್ಮ ಮೇಷ ಸಂಕ್ರಮಣ ಏಪ್ರಿಲ್ 14ಕ್ಕೆ. ಅರ್ಧ ಕಪ್ಪು ಅರ್ಧ ಬೆಳ್ಳಿಯ ಚಂದ್ರನ ಗೋಲ ತಿರುಗುತ್ತಾ ಅಮಾವಾಸ್ಯೆ-ಹುಣ್ಣಿಮೆ ತೋರಿಸುತ್ತದೆ.

ಹನುಷ್ ಎಂಬ ಕುಶಲಕರ್ಮಿ ಇದನ್ನು ಮಾಡಿದ, ಇನ್ನೊಂದು ಮಾಡಬಾರದೆಂದು ಅವನ ಕಣ್ಣು ಕೀಳಿಸಿದರು ಎಂಬ ಕಥೆ ಪ್ರತಿ ಟೂರ್‌ನಲ್ಲೂ ಬರುತ್ತದೆ. ಅದು ಕಥೆ ಮಾತ್ರ. 1410ರಲ್ಲಿ ಇದನ್ನು ಮಾಡಿದವನು ಕಡಾನ್ ಊರಿನ ಮಿಕುಲಾಶ್, ಖಗೋಳ ಲೆಕ್ಕ ಪಂಡಿತ ಯಾನ್ ಶಿಂಡೆಲ್‌ನದು ಎನ್ನುತ್ತದೆ ದಾಖಲೆ. ಕಥೆ ಹೇಳಿ ನಿಜವನ್ನೂ ಹೇಳುವ ಗೈಡ್ ಸಿಕ್ಕರೆ ನಿಮ್ಮ ಅದೃಷ್ಟ. ಹತ್ತಿರದ ನೆಲದಲ್ಲಿ 27 ಬಿಳಿ ಶಿಲುಬೆ ಗುರುತುಗಳಿವೆ, 1621ರ ಜೂನ್ 21ರಂದು ಇಲ್ಲಿ ಮರಣದಂಡನೆಗೆ ಗುರಿಯಾದವರ ನೆನಪಿಗೆ. ಗಡಿಯಾರ ನೋಡುವ ಭರದಲ್ಲಿ ಅದನ್ನೇ ತುಳಿದು ನಿಲ್ಲುತ್ತಾರೆ, ಗೈಡ್ ಮೊದಲೇ ಹೇಳಬೇಕು.

ಊಟದ ವ್ಯವಸ್ಥೆ ಸಾಧಾರಣ. ಭಾರತೀಯ ಹೋಟೆಲಿಗೆ ಬಸ್ಸಿನಲ್ಲಿ ಕರೆದೊಯ್ದು ತರುವಷ್ಟರಲ್ಲಿ ಎರಡು ತಾಸು ಹೋಗುತ್ತದೆ, ಆ ಹೊತ್ತು ಗಡಿಯಾರಕ್ಕೆ ಸಿಗಬಹುದಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬ್ಯಾಗಿನಲ್ಲಿ ಇದ್ದರೆ ಸಾಕು. ನಲ್ಲಿ ನೀರು ಕುಡಿಯಬಹುದು. ಧಾರವಾಡ ಪೇಡೆ ಮಾತ್ರ ಬೇಡ: ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿರ್ಬಂಧವಿದೆ, ವಿಮಾನ ನಿಲ್ದಾಣದಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ. ಬೀದಿಯಲ್ಲಿ ಕೋಲಿಗೆ ಸುತ್ತಿ ಸುಡುವ ಟ್ರಡೆಲ್ನಿಕ್ ಸಿಹಿ ಹಿಟ್ಟಿನದು, ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿ ತಿನ್ನಿ.

ಅಲ್ಲಿನ ನಾಣ್ಯ ಕೊರುನಾ, ಯೂರೋ ಅಲ್ಲ. ಚೌಕದ ಸುತ್ತಲಿನ ಹಣ ಬದಲಿಸುವ ಅಂಗಡಿಗಳಲ್ಲಿ 'ಕಮಿಷನ್ ಇಲ್ಲ' ಎಂಬ ಬೋರ್ಡ್ ನೋಡಿ ನಂಬಬೇಡಿ, ಕೈಗೆ ಎಷ್ಟು ಬರುತ್ತದೆ ಎಂದು ಬರೆಸಿಕೊಂಡು ಕೊಡಿ. ಮೋಸವೆನಿಸಿದರೆ ರಸೀದಿ ಹಿಡಿದು ಮೂರು ತಾಸಿನೊಳಗೆ ವ್ಯವಹಾರ ರದ್ದು ಮಾಡಿಸುವ ಹಕ್ಕು 2019ರಿಂದ ಇದೆ. ಎಟಿಎಂ ಬಳಸುವುದಾದರೆ ಬ್ಯಾಂಕಿನ ಗೋಡೆಗೇ ಇರುವುದನ್ನು ಹುಡುಕಿ. 'ರೂಪಾಯಿಗೆ ಪರಿವರ್ತಿಸಲೇ' ಎಂದು ಕೇಳಿದರೆ ಬೇಡ ಎನ್ನಿ. ಶೌಚಾಲಯಕ್ಕೆ ಚಿಲ್ಲರೆ ಬೇಕು, ಮೊದಲೇ ಮಾಡಿಸಿಟ್ಟುಕೊಳ್ಳಿ.

ಮುಂಗಡ ಕೊಡುವ ಮೊದಲು ಕೇಳಬೇಕಾದದ್ದು: ಬಸ್ಸು ಎಲ್ಲಿ ಇಳಿಸುತ್ತದೆ, ಕ್ಯಾಥೆಡ್ರಲ್ ಟಿಕೆಟ್ ಸೇರಿದೆಯೇ, ಒಬ್ಬ ಗೈಡ್‌ಗೆ ಎಷ್ಟು ಮಂದಿ. ಇಪ್ಪತ್ತೈದಕ್ಕಿಂತ ಹೆಚ್ಚಿದ್ದರೆ ಗಡಿಯಾರದ ಮುಂದೆ ಏನೂ ಕಾಣುವುದಿಲ್ಲ. ಗೊಂಬೆಯಾಟ ಮುಗಿದು ಜನ ಚದುರಿದ ಮೇಲೆ ಹತ್ತು ನಿಮಿಷ ಅಲ್ಲೇ ನಿಂತು ಫಲಕ ವಿವರಿಸಬೇಕೆಂದು ಟೂರ್ ಮ್ಯಾನೇಜರ್ ಮೂಲಕ ಗೈಡ್‌ಗೆ ಬೆಳಿಗ್ಗೆಯೇ ತಿಳಿಸಿಡಿ. ಆ ಹೊತ್ತಿಗೆ ಮುಂದಿನ ಸಾಲು ಪೂರ್ತಿ ಖಾಲಿಯಾಗಿರುತ್ತದೆ.