ಬಳ್ಳಾರಿಯ ನೆರಳಿಗೆ ಯಾವ ಹಸಿರು? ಬಫೆಲೋ ಹುಲ್ಲು, ಮಾಂಡೋ, ಸಿಂಗೋನಿಯಂ ನೆಟ್ಟು ನೋಡಿದ ಹೋಲಿಕೆ

ಬಳ್ಳಾರಿಯಲ್ಲಿ ತೋಟ ಮಾಡಿಸುವವರು ನೆರಳಿನ ಜಾಗದ ಬಗ್ಗೆಯೇ ಜಾಸ್ತಿ ಹಟ ಹಿಡಿಯುತ್ತಾರೆ. ಮನೆಯ ಮುಂದೆ ಬಿಸಿಲಿದೆ, ಅಲ್ಲಿ ದಾಸವಾಳ, ಕಾಗದದ ಹೂವು, ಕಣಗಿಲೆ ತಾವೇ ಬೆಳೆದುಕೊಳ್ಳುತ್ತವೆ. ತಕರಾರು ಬರುವುದು ಮನೆಗೂ ಕಾಂಪೌಂಡಿಗೂ ನಡುವಿನ ಸಂದಿಯಲ್ಲಿ, ಬಾಲ್ಕನಿಯ ಕೆಳಗೆ, ಬೇವಿನ ಮರದ ಬುಡದಲ್ಲಿ. ಊಟದ ಕೋಣೆಯ ಕಿಟಕಿ ತೆರೆದರೆ ಕಾಣುವುದು ಅದೇ ಜಾಗ ಅಲ್ವಾ? "ಏನಪಾ, ಇಷ್ಟು ರೊಕ್ಕ ಹಾಕಿ ಮನೆ ಕಟ್ಟೀವಿ, ಕಿಟಕಿ ತೆಗೆದ್ರೆ ಬರೀ ಮಣ್ಣು ನೋಡಬೇಕೇನು?" ಎಂದು ಗಾಂಧಿನಗರದ ಒಬ್ಬ ಯಜಮಾನರು ಕೇಳಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಅವರದೇ ಮನೆಯ ಸಂದಿಯಲ್ಲಿ ಪಟ್ಟಿ ಪಟ್ಟಿಯಾಗಿ ಬೇರೆ ಬೇರೆ ಗಿಡ ಹಾಕಿ, ಒಂದು ಬೇಸಿಗೆ ದಾಟಿಸಿ ನೋಡಿದೆ. ಆಮೇಲೆ ಕಂಟೋನ್ಮೆಂಟ್ ಕಡೆಯ ಮನೆಗಳಲ್ಲೂ ಅದನ್ನೇ ಮಾಡಿದೆ.

ಗಿಡದ ಮಾತಿಗೆ ಮುಂಚೆ ನೆರಳಿನ ಮಾತು. ನಮ್ಮೂರಿನ ನೆರಳು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. 20 ಅಡಿ ಎತ್ತರದ ಮನೆಯ ನೆರಳು ನಡುಮಧ್ಯಾಹ್ನ ಉತ್ತರಕ್ಕೆ ಹೆಚ್ಚುಕಡಿಮೆ 16 ಅಡಿ ಚಾಚುತ್ತದೆ. ಸಂದಿಯೆಲ್ಲ ತಂಪು. ಮೇ ತಿಂಗಳ ಮೊದಲ ದಿನಗಳಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು, ಆಮೇಲೆ ಉತ್ತರಕ್ಕೆ ದಾಟುತ್ತಾನೆ. ಆಗಸ್ಟ್ ನಡುವಿನ ತನಕ ಅಲ್ಲೇ ಇರುತ್ತಾನೆ. ಜೂನ್ 21ರ ಹೊತ್ತಿಗೆ ಅದೇ ಮನೆಯ ನೆರಳು ದಕ್ಷಿಣಕ್ಕೆ ಬರೀ 3 ಅಡಿ. ಅಂದರೆ ಚಳಿಗಾಲದಲ್ಲಿ ಕತ್ತಲೆಯಂತಿದ್ದ ಉತ್ತರದ ಸಂದಿಗೆ ಸುಡು ಬೇಸಿಗೆಯಲ್ಲೇ ನೇರ ಬಿಸಿಲು ಬೀಳುತ್ತದೆ. ಡಿಸೆಂಬರಿನಲ್ಲಿ ನೋಡಿ ಆರಿಸಿದ ನೆರಳಿನ ಗಿಡ ಮೇ ತಿಂಗಳಲ್ಲಿ ಸುಟ್ಟುಹೋಗುವುದು ಇದಕ್ಕೇ. ಆದ್ದರಿಂದ ಈ ಹೋಲಿಕೆಯಲ್ಲಿ ನಾನು ಅಂಕ ಕೊಟ್ಟಿದ್ದು ಮೇ ತಿಂಗಳು ನೋಡಿ. ಡಿಸೆಂಬರಿನಲ್ಲಿ ಎಲ್ಲವೂ ಚೆಂದವೇ.

ಇನ್ನೊಂದು ನೀರು. ಬಹಳ ಮನೆಗಳಲ್ಲಿ ಗಿಡಕ್ಕೆ ಹೋಗುವುದು ಬೋರಿನ ಸವಳು ನೀರು. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ ಅದು ಉಪ್ಪು, ಸುಣ್ಣ. ನೆರಳಿನ ಗಿಡಗಳ ಎಲೆ ತುದಿ ಕಂದಾಗುವುದಕ್ಕೆ ಬೆಳಕಿಗಿಂತ ಇದೇ ಹೆಚ್ಚು ಕಾರಣ ಎಂದು ನನಗೆ ಅನ್ನಿಸಿದೆ.

ಗರಿಕೆ ಜಾತಿಯ ಲಾನ್ ಮತ್ತು ಮೆಕ್ಸಿಕನ್ ಹುಲ್ಲಿನ ಬಗ್ಗೆ ಎರಡೇ ಮಾತು. ಇವು ಬಿಸಿಲಿನವು. ಗರಿಕೆಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಸಂದಿಯಲ್ಲಿ ಹಾಸಿದರೆ ಮೊದಲು ಉದ್ದ ಎಳೆಯುತ್ತದೆ, ಆಮೇಲೆ ತೆಳ್ಳಗಾಗುತ್ತದೆ, ಕೊನೆಗೆ ಮಣ್ಣು ಕಾಣುತ್ತದೆ. ಮದುವೆಯೋ ಗೃಹಪ್ರವೇಶವೋ ಇದ್ದು ನಾಲ್ಕು ದಿನ ಚೆಂದ ಕಂಡರೆ ಸಾಕು ಎನ್ನುವವರಿಗೆ ಮಾತ್ರ ಸರಿ.

ಬಫೆಲೋ ಹುಲ್ಲು ಬೇರೆ ಮಾತು. ಬಿಸಿ ಸೀಮೆಯ ಲಾನ್ ಹುಲ್ಲುಗಳಲ್ಲಿ ನೆರಳನ್ನು ಚೆನ್ನಾಗಿ ತಡೆಯುವ ಹುಲ್ಲು ಇದು. ಆದರೆ ಕೊಳ್ಳುವಾಗ ಕಣ್ಣಿಟ್ಟು ನೋಡಬೇಕು. ನರ್ಸರಿಯಲ್ಲಿ ಇದೇ ಹೆಸರಿನಲ್ಲಿ ಎರಡು ಹುಲ್ಲು ಸಿಗುತ್ತವೆ. ಒಂದು ಸ್ಟೆನೊಟಾಫ್ರಮ್, ಇನ್ನೊಂದು ಆಕ್ಸೊನೋಪಸ್. ಎರಡಕ್ಕೂ ಅಗಲ ಎಲೆ, ಎರಡೂ ನೆಲದ ಮೇಲೆ ಬಳ್ಳಿಯಂತೆ ಹರಡುತ್ತವೆ. ಆಕ್ಸೊನೋಪಸ್ ಹೂ ಬಿಟ್ಟಾಗ ಕಡ್ಡಿಯ ತುದಿ ಸಣ್ಣಗೆ ಎರಡು ಮೂರು ಕವಲಾಗುತ್ತದೆ. ಸ್ಟೆನೊಟಾಫ್ರಮ್ ತೆನೆ ಕವಲಿಲ್ಲದೆ ದಪ್ಪಗಿರುತ್ತದೆ. ಆಕ್ಸೊನೋಪಸ್‌ಗೆ ತೇವ ಬೇಕು, ಹುಳಿ ಮಣ್ಣು ಬೇಕು. ಮಲೆನಾಡು, ಕರಾವಳಿಯಲ್ಲಿ ಅದು ಸೊಗಸಾಗಿ ಬರುತ್ತದೆ. ನಮ್ಮ ಸುಣ್ಣದ ಮಣ್ಣಿನಲ್ಲಿ ಹಳದಿ ತಿರುಗಿತು. ಸ್ಟೆನೊಟಾಫ್ರಮ್ ಉಪ್ಪು ನೀರನ್ನೂ ತಡೆಯುತ್ತದೆ, ಮೇ ಬಿಸಿಲನ್ನೂ ತಡೆಯುತ್ತದೆ. ಉತ್ತರದ ಸಂದಿಯ ಪಟ್ಟಿಯಲ್ಲಿ ಬೇಸಿಗೆ ಮುಗಿದಾಗಲೂ ಮೈತುಂಬ ಇದ್ದದ್ದು ಇದೊಂದೇ.

ಇದಕ್ಕೆ ಕೇಡು ಮಾಡುವುದು ಕತ್ತರಿ. ಮನೆಯವರಿಗೆ ಹುಲ್ಲು ಬಟ್ಟೆ ಹಾಸಿದಂತೆ ಗಿಡ್ಡಗಿರಬೇಕು. ನೆರಳಿನಲ್ಲಿ ಹುಲ್ಲಿಗೆ ಎಲೆಯೇ ಆಧಾರ. ಸಿಗುವ ಸ್ವಲ್ಪ ಬೆಳಕನ್ನು ಹಿಡಿಯಲು ಎಲೆ ಸಾಕಷ್ಟು ಉಳಿದಿರಬೇಕು. 3 ಅಂಗುಲಕ್ಕಿಂತ ಕೆಳಗೆ ನಾನು ಕತ್ತರಿಸುವುದಿಲ್ಲ. ಇದನ್ನು ಕೆಲಸ ಒಪ್ಪುವ ದಿನವೇ ಹೇಳುತ್ತೇನೆ. ಯೂರಿಯಾ ಕೂಡ ಬಿಸಿಲಿನ ಲಾನಿಗೆ ಹಾಕುವುದಕ್ಕಿಂತ ಕಡಿಮೆ ಸಾಕು. ಜಾಸ್ತಿ ಹಾಕಿದರೆ ಎಳೆ ಎಳೆಯಾಗಿ ಬೆಳೆದು ಬೂಜು ರೋಗ ಹಿಡಿಯುತ್ತದೆ. ನೀರು ಬೆಳಿಗ್ಗೆಯೇ ಬಿಡಬೇಕು. ಸಂಜೆ ಬಿಟ್ಟರೆ ಸಂದಿಯಲ್ಲಿ ಗಾಳಿ ಆಡದೆ ಎಲೆ ರಾತ್ರಿಯೆಲ್ಲ ಒದ್ದೆ.

ಬಾಲ್ಕನಿ ಅಥವಾ ಸಜ್ಜೆ ಮೇಲೆ ಮುಚ್ಚಿದ್ದು, ಯಾವ ತಿಂಗಳಲ್ಲೂ ನೇರ ಬಿಸಿಲು ಬೀಳದ ಜಾಗ ಇದ್ದರೆ ನನ್ನ ಮತ ಗಿಡ್ಡ ಮಾಂಡೋಗೆ. ನೋಡಲು ಹುಲ್ಲಿನಂತಿದ್ದರೂ ಇದು ಹುಲ್ಲಲ್ಲ. ಕಡು ಹಸಿರು, ಕತ್ತರಿಸುವ ಕೆಲಸವೇ ಇಲ್ಲ. ಒಮ್ಮೆ ತುಂಬಿಕೊಂಡರೆ ಕಳೆಯೂ ಕಡಿಮೆ. ನನಗೆ ಇದು ತುಂಬಾ ಇಷ್ಟದ ಗಿಡ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆದರೆ ಇದರ ಬೆಳವಣಿಗೆ ಬಹಳ ನಿಧಾನ. ಒಂದು ವರ್ಷಕ್ಕೂ ಮೇಲೆ ಕಾಯಬೇಕು. ಬೇಗ ತುಂಬಬೇಕೆಂದರೆ ಒತ್ತಾಗಿ ನೆಡಬೇಕು, ಆಗ ಖರ್ಚು ಏರುತ್ತದೆ. 4 ಅಂಗುಲಕ್ಕೊಂದು ನೆಟ್ಟರೆ 100 ಚದರ ಅಡಿಗೆ 900 ಸಸಿ ಬೇಕು. 6 ಅಂಗುಲಕ್ಕೊಂದಾದರೆ 400 ಸಾಕು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಗಿರಾಕಿಗಳು ತಾವೇ ತೀರ್ಮಾನ ಮಾಡುತ್ತಾರೆ. ಓಡಾಡುವ ದಾರಿಗೆ ಇದು ಆಗದು. ನಡುವೆ ಕಡಪ ಕಲ್ಲು ಹಾಕಿ, ಸುತ್ತ ಮಾಂಡೋ ತುಂಬಿದರೆ ಕೆಲಸಕ್ಕೂ ಆಯಿತು, ನೋಟಕ್ಕೂ ಆಯಿತು. ಉತ್ತರದ ತೆರೆದ ಸಂದಿಯಲ್ಲಿ ಮಾತ್ರ ಮೇ ಬಿಸಿಲಿಗೆ ಇದರ ತುದಿಗಳು ಒಣಗಿ ಬಣ್ಣ ಕೆಟ್ಟಿತು. ಸಾಯಲಿಲ್ಲ, ಆದರೆ ದುಡ್ಡು ಕೊಟ್ಟವರಿಗೆ ಅಷ್ಟು ಸಾಲದು.

ಸಿಂಗೋನಿಯಂ ಬಾಣದ ಆಕಾರದ ಎಲೆಯ ಬಳ್ಳಿ. ಬೇಗ ತುಂಬುತ್ತದೆ, ಅಗ್ಗ, ಕಡ್ಡಿ ಮುರಿದು ನೆಟ್ಟರೂ ಬರುತ್ತದೆ. ಅವಸರದ ಗಿರಾಕಿಗೆ ಇದು ಒಪ್ಪುತ್ತದೆ. ಬಿಸಿಲು ತಾಗಿದರೆ ಎಲೆ ಬಿಳಿಚಿ ಸುಡುತ್ತದೆ, ಗೋಡೆಯನ್ನೂ ಹತ್ತುತ್ತದೆ. ಎಲೆ ಅಗಿದರೆ ಬಾಯಿ ಉರಿಯುತ್ತದೆ. ಅಂಬೆಗಾಲಿಡುವ ಮಗು, ನಾಯಿ ಇರುವ ಮನೆಗೆ ನಾನು ಹಾಕುವುದಿಲ್ಲ. ನೆಲದ ಮೇಲೆ ಹರಡುವ ಹಳದಿ ಹೂವಿನ ವೆಡೇಲಿಯಾ ಹಾಕಿ ಎಂದು ಕೆಲವರು ಕೇಳುತ್ತಾರೆ. ನೆರಳಲ್ಲಿ ಹೂವು ಕಡಿಮೆ, ಹರಡುವುದು ಮಾತ್ರ ನಿಲ್ಲದು. ತಡೆಯುವುದೇ ಒಂದು ಕೆಲಸವಾಗುತ್ತದೆ.

ಬೇವಿನ ಬುಡಕ್ಕೆ ಮೇಲಿನ ಯಾವುದೂ ಒಗ್ಗಲಿಲ್ಲ. ಅಲ್ಲಿ ಬೆಳಕು ಸಾಕಷ್ಟಿದೆ, ಎಲೆ ನಡುವಿನಿಂದ ಇಳಿಯುತ್ತದೆ. ಇಲ್ಲದ್ದು ನೀರು. ನಾವು ಹಾಕಿದ ನೀರನ್ನು ಮರದ ಬೇರೇ ಮೊದಲು ಹೀರುತ್ತದೆ. ಅಗೆದು ಬೇರು ಕಡಿಯುವುದು ಮರಕ್ಕೆ ಅನ್ಯಾಯ. ಅಲ್ಲಿ ಕುಂಡಗಳೇ ಸರಿ.

ಕುಂಡಕ್ಕೆ ಬಂದರೆ ಎಲ್ಲರೂ ಅರೇಕಾ ಪಾಮ್ ಕೇಳುತ್ತಾರೆ. ಒಣ ಗಾಳಿಗೆ ಅದಕ್ಕೆ ನುಸಿ ಹತ್ತುತ್ತದೆ, ಬೋರ್ ನೀರಿಗೆ ತುದಿ ಕಂದಾಗುತ್ತದೆ. ರಾಫಿಸ್ ಪಾಮ್‌ಗೆ ಬೆಲೆ ಜಾಸ್ತಿ, ಬೆಳವಣಿಗೆ ನಿಧಾನ. ಆದರೂ ಅದೇ ದೃಢ ನೆರಳಿನ ಗಿಡ. ಎರಡು ಅರೇಕಾ ಬದಲು ಒಂದು ರಾಫಿಸ್ ತೆಗೆದುಕೊಳ್ಳಿ ಎಂದು ಹೇಳುತ್ತೇನೆ. ಪೀಸ್ ಲಿಲಿಯ ಬಿಳಿ ಹೂವಿಗೆ ಮನಸೋಲದವರಿಲ್ಲ. ಕುಡಿಯುವ ನೀರಿನ ಯಂತ್ರದಿಂದ ಹೊರಹೋಗುವ ನೀರನ್ನು ಮಾತ್ರ ಅದಕ್ಕೆ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಮಳೆ ನೀರು ಹಿಡಿದಿಟ್ಟುಕೊಂಡು ಹಾಕುವವರ ಮನೆಯಲ್ಲಿ ಲಿಲಿ ನಿಜಕ್ಕೂ ಚೆಂದ. ಅಷ್ಟು ಜತನ ಆಗದಿದ್ದರೆ ಜೀಜೀ ಗಿಡ ಇಡಿ. ಅದು ಮಣ್ಣಿನೊಳಗಿನ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು ಕೊಡಬೇಕು, ಇಲ್ಲದಿದ್ದರೆ ಗೆಡ್ಡೆ ಕೊಳೆಯುತ್ತದೆ. ಅಗ್ಲೋನೀಮಾದಲ್ಲಿ ಕೆಂಪು ಎಲೆಯದಕ್ಕೆ ಬೆಳಕು ಹೆಚ್ಚು ಬೇಕು, ಕತ್ತಲೆ ಮೂಲೆಗೆ ಹಸಿರು ಎಲೆಯದೇ ಮೇಲು.

ಕುಂಡದ ಗಿಡ ತರುವವರು ಗಮನಿಸಬೇಕಾದ್ದೊಂದಿದೆ. ನಮ್ಮ ಕಡೆಗೆ ಬಹಳಷ್ಟು ಗಿಡ ಬರುವುದು ಆಂಧ್ರದ ಕಡಿಯಂ ನರ್ಸರಿಗಳಿಂದ. ಗೋದಾವರಿ ಬದಿಯ ಆ ಊರಿನ ಗಾಳಿಯಲ್ಲಿ ತೇವ ಇದೆ. ಅಲ್ಲಿ ಶೇಡ್ ನೆಟ್ ಕೆಳಗೆ ಬೆಳೆದ ಗಿಡ ಬಳ್ಳಾರಿಗೆ ಬಂದ ಕೂಡಲೇ ಎಲೆ ಉದುರಿಸುತ್ತದೆ. ಕೆಲವು ವಾರ ನನ್ನ ಬಳಿಯೇ ಇಟ್ಟುಕೊಂಡು, ಹೊಸ ಎಲೆ ಬಂದ ಮೇಲೆ ಗಿರಾಕಿಯ ಮನೆಗೆ ಒಯ್ಯುತ್ತೇನೆ. ತಡವಾಯಿತೆಂದು ಬೈಯುತ್ತಾರೆ. ಉದುರುವ ಗಿಡ ಕೊಟ್ಟು ಬೈಸಿಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ನೆಲಕ್ಕೆ ನೆಡುವ ಕಾಲವೂ ಮುಖ್ಯ. ಬಫೆಲೋವನ್ನು ಮಳೆಗಾಲದ ಶುರುವಿನಲ್ಲಿ ನೆಟ್ಟರೆ ದೀಪಾವಳಿ ಹೊತ್ತಿಗೆ ಹಿಡಿದುಕೊಂಡಿರುತ್ತದೆ. ಮಾಂಡೋಗೆ ಆಗಸ್ಟ್ ನಡುವಿನ ನಂತರ, ಸೂರ್ಯ ದಕ್ಷಿಣಕ್ಕೆ ತಿರುಗಿ ಸಂದಿಗೆ ನೆರಳು ಮರಳಿದ ಮೇಲೆ ಕೈ ಹಾಕುತ್ತೇನೆ. ಮುಂದಿನ ಬೇಸಿಗೆಗೆ ಎಂಟು ತಿಂಗಳು ಸಿಗುತ್ತವೆ. ಎರೆ ಮಣ್ಣಾದರೆ ಮೇಲಿನ 6 ಅಂಗುಲ ತೆಗೆದು ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ತುಂಬಬೇಕು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆ ಬಿರುಕು ಮಾಂಡೋದ ಬೇರನ್ನು ಎಳೆದು ಹರಿಯುತ್ತದೆ. ಈ ಮಣ್ಣಿನ ಖರ್ಚನ್ನು ಉಳಿಸಿ ಎನ್ನುವವರಿಗೆ ನಾನು ಬಫೆಲೋವನ್ನೇ ನೆಟ್ಟುಕೊಡುತ್ತೇನೆ.