ಅಪ್ಪನ ಕುರ್ಚಿಗೆ ಮಾತು ತಲುಪುವವರೆಗೆ: ಕಡಿಮೆ ಖರ್ಚಿನ ಹೋಮ್ ಥಿಯೇಟರ್, ಹಂತಹಂತದ ಹೋಲಿಕೆ

ಪಾತ್ರಗಳು ಪಿಸುಗುಟ್ಟಿದರೆ ವಾಲ್ಯೂಮ್ 38. ಗುಂಡು ಹಾರಿದ ತಕ್ಷಣ 19. ಮತ್ತೆ ಮಾತು ಶುರುವಾದರೆ 35. ಎರಡು ಗಂಟೆಯ ಚಿತ್ರ ಮುಗಿಯುವವರೆಗೂ ಅಪ್ಪನ ಹೆಬ್ಬೆರಳು ರಿಮೋಟಿನ ಆ ಗುಂಡಿಯಿಂದ ಕದಲುತ್ತಿರಲಿಲ್ಲ. "ಏನೆಂದಳು ಅವಳು?" ಎಂದು ಅವರು ಕೇಳಿ, ನಾನು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಎರಡು ಮಾತು ಇಬ್ಬರಿಗೂ ತಪ್ಪಿಹೋಗಿರುತ್ತಿತ್ತು. ಎಪ್ಪತ್ತು ದಾಟಿದ ಮೇಲೆ ಅವರ ಕಿವಿ ಸ್ವಲ್ಪ ಮಂದವಾಗಿರುವುದು ನಿಜ. ಆದರೆ ಎದುರಿಗೆ ಕುಳಿತು ಮಾತನಾಡಿದರೆ ಎಲ್ಲವೂ ಕೇಳಿಸುತ್ತದೆ. ಹಾಗಾಗಿ ಹೋಮ್ ಥಿಯೇಟರ್ ಸುಧಾರಿಸಲು ಹೊರಟಾಗ ನನ್ನ ಅಳತೆಗೋಲು ಒಂದೇ ಆಗಿತ್ತು: ಎಡತುದಿಯ ಕುರ್ಚಿಯಲ್ಲಿ ಕುಳಿತ ಅಪ್ಪನಿಗೆ ಮಾತು ಸ್ಪಷ್ಟವಾಗಿ ತಲುಪಬೇಕು. ಗುಡುಗು, ಸ್ಫೋಟಗಳೆಲ್ಲ ಆಮೇಲೆ.

ಒಂದೇ ಸಲ ಎಲ್ಲವನ್ನೂ ಕೊಳ್ಳುವಷ್ಟು ಹಣವಿರಲಿಲ್ಲ. ಎರಡು ವರ್ಷಗಳಲ್ಲಿ, ಒಂದೊಂದು ಹಂತದಲ್ಲಿಯೂ ಎರಡೆರಡು ಆಯ್ಕೆಗಳನ್ನು ಮನೆಯಲ್ಲೇ ಇಟ್ಟು ಕೇಳಿ ನೋಡಿದೆ. ಕೆಲವು ಸ್ನೇಹಿತರಿಂದ ಎರವಲು ತಂದವು, ಕೆಲವು ಒಬ್ಬರು ಬಳಸಿ ಬಿಟ್ಟವು. ಪ್ರತಿ ಸಲವೂ ಅದೇ ಮೂರು ದೃಶ್ಯಗಳು: ಮಳೆಯಲ್ಲಿ ಇಬ್ಬರು ಮೆಲ್ಲಗೆ ಮಾತನಾಡುವುದು, ಜನಜಂಗುಳಿಯ ನಡುವೆ ಜಗಳ, ದೂರದಿಂದ ಹತ್ತಿರವಾಗುವ ರೈಲು. ಕೇಳುವ ಮೊದಲು ಫೋನಿನ ಧ್ವನಿಮಾಪಕದಲ್ಲಿ ಎರಡನ್ನೂ 70 ಡೆಸಿಬಲ್‌ಗೆ ಸರಿಹೊಂದಿಸುತ್ತಿದ್ದೆ. ಇದನ್ನು ಯಾರೂ ಬಿಡಬಾರದು. ಒಂದು ಡೆಸಿಬಲ್ ಹೆಚ್ಚಿದ್ದರೂ ಸಾಕು, ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಮನೆಯಲ್ಲಿ ಆಗಲೇ ಒಂದು ಹಳೆಯ 5.1 ಪೆಟ್ಟಿಗೆ ಸೆಟ್ ಇತ್ತು, ಅಂದರೆ ಐದು ಸ್ಪೀಕರ್ ಮತ್ತು ಕೆಳಸ್ವರಕ್ಕೆಂದೇ ಒಂದು ಸಬ್‌ವೂಫರ್ ಒಟ್ಟಾಗಿ ಬರುವಂಥದ್ದು. ಅದರ ಸ್ಪೀಕರ್‌ಗಳನ್ನೇ ಉಳಿಸಿಕೊಂಡು ಮಿಕ್ಕದ್ದನ್ನು ಬದಲಿಸುವುದು ನನ್ನ ಮೊದಲ ಯೋಚನೆ. ಒಂದು ಸ್ಪೀಕರಿನ ನಾಲ್ಕು ಸ್ಕ್ರೂ ಬಿಚ್ಚಿ ನೋಡಿದೆ. ಒಳಗೆ ಮೂರು ಇಂಚಿನ ಒಂದೇ ಒಂದು ಕಾಗದದ ಕೋನ್, ಹಿಂದೆ ನಾಣ್ಯಕ್ಕಿಂತ ತುಸು ದೊಡ್ಡ ಅಯಸ್ಕಾಂತ. ಮೇಲಿನ ಸ್ವರಗಳಿಗೆಂದೇ ಇರುವ ಪುಟ್ಟ ಟ್ವೀಟರ್ ಇಲ್ಲವೇ ಇಲ್ಲ. ಮೇಲಿನ ಸ್ವರಗಳು ಇಂಥ ಕೋನಿನಿಂದ ಹೊರಟಾಗ ಕಿರಿದಾದ ಕಿರಣದಂತೆ ನೇರವಾಗಿ ಮುಂದಕ್ಕೆ ಹೋಗುತ್ತವೆ, ಪಕ್ಕಕ್ಕೆ ಹರಡುವುದಿಲ್ಲ. ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತೆಲ್ಲ ಇರುವುದು ಸುಮಾರು 2000 ಹರ್ಟ್ಜ್‌ನಿಂದ ಮೇಲೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಮೇಲಿನ ಸ್ವರಗಳನ್ನೇ. ಪಕ್ಕದಲ್ಲಿ ಕುಳಿತ ಅಪ್ಪನಿಗೆ 'ಆಸೆ' ಎಂಬುದು 'ಆಚೆ' ಎಂದು ಕೇಳಿಸಿದರೆ ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಹಿಂಬದಿಯ ಚೀಟಿಯಲ್ಲಿ 3 ಓಮ್ ಎಂದಿತ್ತು. ಓಮ್ ಎಂದರೆ ವಿದ್ಯುತ್ತಿನ ಹರಿವಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ಧ್ವನಿಯನ್ನು ಸ್ಪೀಕರ್‌ಗಳಿಗೆ ಹಂಚಿ ಶಕ್ತಿ ಕೊಡುವ ಸಾಮಾನ್ಯ ರಿಸೀವರ್‌ಗಳು 6 ಅಥವಾ 8 ಓಮ್‌ಗೆಂದು ಮಾಡಿದವು. 3 ಓಮ್ ಸ್ಪೀಕರ್ ಹೂಡಿದರೆ ತಾಳಿಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ವಿದ್ಯುತ್ ಹರಿದು ರಿಸೀವರ್ ಬಿಸಿಯೇರುತ್ತದೆ, ಇಲ್ಲವೇ ತಾನಾಗಿ ನಿಂತುಬಿಡುತ್ತದೆ. ಸಬ್‌ವೂಫರ್‌ಗೂ ಸ್ವಂತ ಆಂಪ್ಲಿಫೈಯರ್ ಇರಲಿಲ್ಲ, ಮುಖ್ಯ ಪೆಟ್ಟಿಗೆಯಿಂದಲೇ ಶಕ್ತಿ ಪಡೆಯುತ್ತಿತ್ತು. ಹೀಗಾಗಿ ಇಡೀ ಸೆಟ್ಟಿನಿಂದ ಮುಂದಿನ ಹಂತಕ್ಕೆ ಒಯ್ಯಬಹುದಾದದ್ದು ಏನೂ ಸಿಗಲಿಲ್ಲ. ಪೆಟ್ಟಿಗೆ ಸೆಟ್ಟಿನಿಂದಲೇ ಶುರುಮಾಡಿ ಆಮೇಲೆ ಬೆಳೆಸೋಣ ಎಂದುಕೊಂಡಿರುವವರು ಆ ಹಿಂಬದಿಯ ಚೀಟಿಯನ್ನು ಒಮ್ಮೆ ಓದಿ ನೋಡಲಿ.

ಮೊದಲ ಸ್ಪರ್ಧೆ ಸೌಂಡ್‌ಬಾರ್‌ಗೂ ರಿಸೀವರ್‌ಗೂ. ಒಂದು ಕಡೆ ವೈರ್‌ಲೆಸ್ ಸಬ್‌ವೂಫರ್ ಜೊತೆಗಿದ್ದ ಮಧ್ಯಮ ದರ್ಜೆಯ ಸೌಂಡ್‌ಬಾರ್, ಇನ್ನೊಂದು ಕಡೆ ಬಳಸಿದ ರಿಸೀವರ್ ಮತ್ತು ಕಪಾಟಿನಲ್ಲಿ ಕೂರುವಷ್ಟು ಸಣ್ಣದಾದ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್. ಖರ್ಚು ಹೆಚ್ಚುಕಡಿಮೆ ಸಮ. ಸೌಂಡ್‌ಬಾರ್ ಹತ್ತು ನಿಮಿಷದಲ್ಲಿ ಕೂತಿತು: ಒಂದು ಎಚ್‌ಡಿಎಂಐ ಕೇಬಲ್, ಒಂದು ಪ್ಲಗ್, ಮುಗಿಯಿತು. ಮಾತಿಗೆಂದೇ ಒಂದು ಗುಂಡಿಯೂ ಇತ್ತು. ಅಪ್ಪ ಎರಡು ವಾರ ಖುಷಿಯಾಗಿದ್ದರು.

ರಿಸೀವರ್ ಮತ್ತು ಎರಡು ಸ್ಪೀಕರ್‌ಗಳ ಧ್ವನಿ ನಾನು ನಡುವೆ ಕುಳಿತಾಗ ಬೇರೆಯೇ ಎತ್ತರದಲ್ಲಿತ್ತು. ಮಳೆ ಪರದೆಯ ಆಚೀಚೆಗೂ ಹರಡಿ, ಮಾತು ನಟನ ಬಾಯಿಂದಲೇ ಬಂದಂತೆ ಕೇಳಿಸಿತು. ಆದರೆ ಅಪ್ಪನ ಕುರ್ಚಿಗೆ ಹೋಗಿ ಕುಳಿತರೆ ಆ ಭ್ರಮೆ ಒಡೆಯಿತು. ಎರಡು ಸ್ಪೀಕರ್‌ಗಳಿಂದ ಒಂದೇ ಮಾತು ಹೊರಟರೂ ಹತ್ತಿರದ ಸ್ಪೀಕರಿನದು ಮೊದಲು ತಲುಪುತ್ತದೆ, ಕಿವಿ ಮೊದಲು ಬಂದದ್ದನ್ನೇ ನಂಬುತ್ತದೆ. ಎಲ್ಲ ಪಾತ್ರಗಳೂ ಎಡಗಡೆಯ ಪೆಟ್ಟಿಗೆಯೊಳಗೆ ಸೇರಿಕೊಂಡು ಮಾತನಾಡುತ್ತಿದ್ದವು. ಆ ಹಂತದಲ್ಲಿ ಅಪ್ಪನ ಪಾಲಿಗೆ ಗೆದ್ದದ್ದು ಸೌಂಡ್‌ಬಾರ್, ಇದನ್ನು ಮುಚ್ಚಿಡುವುದಿಲ್ಲ. ಇಲ್ಲಿಗೇ ನಿಲ್ಲಿಸುವವರು, ಮುಂದೆ ಏನೂ ಸೇರಿಸುವ ಯೋಚನೆ ಇಲ್ಲದವರು ಸೌಂಡ್‌ಬಾರನ್ನೇ ಕೊಳ್ಳಲಿ.

ನಾನು ರಿಸೀವರ್ ಇಟ್ಟುಕೊಂಡೆ. ಸೌಂಡ್‌ಬಾರ್‌ಗೆ ಅದೇ ತಯಾರಕರ ಸಬ್‌ವೂಫರ್ ಬಿಟ್ಟು ಬೇರೆಯದು ಸೇರುವುದಿಲ್ಲ, ಅದರೊಳಗಿನ ಪುಟ್ಟ ಸೆಂಟರ್ ಸ್ಪೀಕರನ್ನು ತೆಗೆದು ದೊಡ್ಡದನ್ನು ಇಡಲಾಗುವುದಿಲ್ಲ. ರಿಸೀವರಿನ ಹಿಂದೆ ಖಾಲಿ ಉಳಿದ ಜಾಗಗಳು ಮುಂದಿನ ಹಂತಗಳಿಗೆ ಕಾದಿದ್ದವು. ಹಳೆಯ ರಿಸೀವರ್ 4ಕೆ ಚಿತ್ರವನ್ನು ದಾಟಿಸುವುದಿಲ್ಲ ಎಂಬ ಆತಂಕ ಬೇಡ. ಚಿತ್ರ ನೇರವಾಗಿ ಟಿವಿಗೆ ಹೋಗಲಿ, ಧ್ವನಿ ಮಾತ್ರ ಎಆರ್‌ಸಿ ಮೂಲಕ, ಅಂದರೆ ಎಚ್‌ಡಿಎಂಐ ಕೇಬಲ್ಲಿನಲ್ಲೇ ಟಿವಿಯಿಂದ ಧ್ವನಿಯನ್ನು ಮರಳಿ ಕಳುಹಿಸುವ ದಾರಿಯಲ್ಲಿ, ರಿಸೀವರಿಗೆ ಹಿಂತಿರುಗಲಿ. 2009ರ ಎಚ್‌ಡಿಎಂಐ 1.4ರಿಂದಲೇ ಈ ಸೌಕರ್ಯ ಇದೆ. ಬಳಸಿದ್ದನ್ನು ಕೊಳ್ಳುವಾಗ ಎಲ್ಲ ಚಾನೆಲ್‌ಗಳಿಗೂ (ಒಂದೊಂದು ಸ್ಪೀಕರಿಗೆ ಹೋಗುವ ಧ್ವನಿಯ ದಾರಿಗಳಿಗೂ) ಒಂದೇ ಸ್ಪೀಕರನ್ನು ಸರದಿಯಂತೆ ಹೂಡಿ ಕೇಳಿ. ಸ್ಪೀಕರ್‌ಗಳನ್ನು ಹೊಂದಿಸಿಕೊಳ್ಳಲು ರಿಸೀವರ್ ಬಳಸುವ ಅಳತೆಯ ಮೈಕ್ ಜೊತೆಗಿದೆಯೇ ಎಂದೂ ನೋಡಿ.

ಎರಡನೆಯ ಹಂತದಲ್ಲಿ ಸೆಂಟರ್ ಸ್ಪೀಕರ್. ನನಗೆ ಅತಿ ಹೆಚ್ಚು ಪಾಠ ಸಿಕ್ಕಿದ್ದು ಇಲ್ಲೇ. ಸಿನಿಮಾದ ಮಾತಿನ ಬಹುಪಾಲು ಈ ಒಂದು ಚಾನೆಲ್ಲಿನಲ್ಲೇ ಇರುತ್ತದೆ. ಅದಕ್ಕೆ ಇದ್ದ ಆಯ್ಕೆಗಳು ಎರಡು. ಒಂದು, ಸೆಂಟರ್ ಎಂದೇ ಮಾರುವ ಅಡ್ಡ ಪೆಟ್ಟಿಗೆ: ನಡುವೆ ಟ್ವೀಟರ್, ಎಡಬಲಕ್ಕೆ ನಡು ಮತ್ತು ಕೆಳಸ್ವರಗಳಿಗೆ ಒಂದೊಂದು ವೂಫರ್. ಇನ್ನೊಂದು, ನನ್ನ ಬಳಿ ಇದ್ದಂಥದ್ದೇ ಮೂರನೆಯ ಬುಕ್‌ಶೆಲ್ಫ್ ಸ್ಪೀಕರ್, ನೆಟ್ಟಗೆ ನಿಲ್ಲಿಸಿದ್ದು. ಮೊದಲನೆಯದು ನೋಡಲು ಅಂದ, ಟಿವಿಯ ಕೆಳಗೆ ಸಲೀಸಾಗಿ ಕೂರುತ್ತದೆ. ಎರಡನೆಯದು ಜೊತೆಯಾಗಿ ಮಾತ್ರ ಸಿಗುತ್ತಿತ್ತು, ಬೇಡದ ಇನ್ನೊಂದಕ್ಕೂ ದುಡ್ಡು ತೆರಬೇಕು. ನಾನು ಮೊದಲು ತಂದದ್ದು ಅಡ್ಡ ಪೆಟ್ಟಿಗೆ.

ನಡುವೆ ಕುಳಿತವರಿಗೆ ಅದು ತುಂಬ ಚೆನ್ನಾಗಿತ್ತು. ಅಪ್ಪನ ಕುರ್ಚಿಯಲ್ಲಿ ಮಾತ್ರ ಗಂಡಸರ ದನಿ ಟೊಳ್ಳಾಗಿ ಕೇಳುತ್ತಿತ್ತು. ಟೇಪ್ ಹಿಡಿದು ಅಳೆದೆ. ಎರಡು ವೂಫರ್‌ಗಳ ನಡುವೆ 28 ಸೆಂಟಿಮೀಟರ್ ಅಂತರ. ಅಪ್ಪನ ಕುರ್ಚಿ ನೇರ ರೇಖೆಯಿಂದ ಸುಮಾರು 30 ಡಿಗ್ರಿ ಓರೆಯಲ್ಲಿದೆ. ಅಲ್ಲಿಗೆ ಬರುವಾಗ ಒಂದು ವೂಫರಿನ ಧ್ವನಿ ಇನ್ನೊಂದಕ್ಕಿಂತ 14 ಸೆಂಟಿಮೀಟರ್ ಹೆಚ್ಚು ದಾರಿ ಸವೆಸಬೇಕು. 1200 ಹರ್ಟ್ಜ್ ಆಸುಪಾಸಿನಲ್ಲಿ ಅದು ಸರಿಯಾಗಿ ಅರ್ಧ ಅಲೆಯ ಉದ್ದ. ಒಂದು ಅಲೆ ಏರುವಾಗ ಇನ್ನೊಂದು ಇಳಿದು, ಒಂದನ್ನೊಂದು ಅಳಿಸಿಹಾಕುತ್ತವೆ. ಮಾತಿನ ಸ್ವರಗಳ ನಡುಮಧ್ಯದಲ್ಲೇ ಆ ಹಳ್ಳ ಬಿದ್ದಿತ್ತು.

ಮೂರನೆಯ ಬುಕ್‌ಶೆಲ್ಫ್ ತಂದು ನಿಲ್ಲಿಸಿದ ಮೇಲೆ ಮೂರೂ ಕುರ್ಚಿಗಳಲ್ಲಿ ದನಿ ಒಂದೇ ಬಣ್ಣದ್ದಾಯಿತು. ನಟಿ ಎಡದಿಂದ ಬಲಕ್ಕೆ ನಡೆಯುತ್ತಾ ಮಾತನಾಡಿದರೆ ಅವಳ ಕಂಠ ನಡುವೆ ಬದಲಾಗುತ್ತಿರಲಿಲ್ಲ, ಮೂರೂ ಸ್ಪೀಕರ್‌ಗಳು ಒಂದೇ ಜಾತಿಯವಾದ್ದರಿಂದ. ಜಾಗಕ್ಕಾಗಿ ಟಿವಿಯನ್ನು ಗೋಡೆಯಲ್ಲಿ ಒಂದು ಗೇಣು ಮೇಲಕ್ಕೆ ಏರಿಸಬೇಕಾಯಿತು. ಆಮೇಲೆ ಎರಡು ಸಣ್ಣ ಕೆಲಸ: ಸ್ಪೀಕರನ್ನು ಹಲಗೆಯ ಅಂಚಿಗೆ ಎಳೆದು ಇಟ್ಟೆ, ಹಲಗೆಗೆ ಬಡಿದು ಬರುವ ಪ್ರತಿಫಲನ ತಗ್ಗಿತು. ಮುಂಭಾಗದ ಕೆಳಗೆ ಎರಡಾಗಿ ಮಡಿಚಿದ ರಬ್ಬರ್ ತುಂಡು ಸಿಕ್ಕಿಸಿದೆ, ಟ್ವೀಟರಿನ ಮುಖ ಅಪ್ಪನ ಕಿವಿಯ ಎತ್ತರಕ್ಕೆ ತಿರುಗಿತು. ಆ ರಬ್ಬರ್ ತುಂಡಿಗೆ ಖರ್ಚೇ ಇಲ್ಲ, ಆದರೆ 'ಸ'ಕಾರಗಳು ಮರಳಿ ಬಂದದ್ದು ಅದರಿಂದಲೇ. ಆ ರಾತ್ರಿ ಮಳೆಯ ದೃಶ್ಯ ಮುಗಿಯುವವರೆಗೂ ಅಪ್ಪ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೂರನೆಯದು ಸಬ್‌ವೂಫರ್. ಎಂಟು ಇಂಚಿನ ಮುಚ್ಚಿದ ಪೆಟ್ಟಿಗೆ ಒಂದು, ಹತ್ತು ಇಂಚಿನ ಗಾಳಿರಂಧ್ರವಿರುವ ಪೆಟ್ಟಿಗೆ ಇನ್ನೊಂದು. ಮುಚ್ಚಿದ್ದರ ಧ್ವನಿ ಕೆಳಗಿಳಿದಂತೆ ನಿಧಾನವಾಗಿ ಕ್ಷೀಣಿಸುತ್ತದೆ, ರಂಧ್ರವಿರುವುದು ಒಂದು ಮಟ್ಟದವರೆಗೆ ಬಲವಾಗಿ ನಿಂತು ಆಮೇಲೆ ಕಡಿದಾಗಿ ಬೀಳುತ್ತದೆ. ರೈಲಿನ ದೃಶ್ಯದಲ್ಲಿ ಹತ್ತು ಇಂಚಿನದು ನೆಲವನ್ನೇ ಮುಟ್ಟಿತು, ಅದನ್ನೇ ಇಟ್ಟುಕೊಂಡೆ. ಆದರೆ ಈ ಎರಡು ಪೆಟ್ಟಿಗೆಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಪೆಟ್ಟಿಗೆಯನ್ನು ಎರಡು ಜಾಗಗಳಲ್ಲಿ ಇಟ್ಟಾಗಿನ ವ್ಯತ್ಯಾಸ ದೊಡ್ಡದಿತ್ತು. ನನ್ನ ಕೋಣೆ 4.3 ಮೀಟರ್ ಉದ್ದ. 40 ಹರ್ಟ್ಜ್‌ನ ಅರ್ಧ ಅಲೆ ಸರಿಯಾಗಿ ಅಷ್ಟೇ ಉದ್ದ, ಹಾಗಾಗಿ ಆ ಸ್ವರ ಗೋಡೆಯಿಂದ ಗೋಡೆಗೆ ಪುಟಿದು ಊದಿಕೊಳ್ಳುತ್ತದೆ. ಸಬ್‌ವೂಫರ್ ಮೂಲೆಯಲ್ಲಿದ್ದಾಗ ಪ್ರತಿ ಹೆಜ್ಜೆಯ ಸದ್ದೂ ಗುಂಯ್ ಎಂದು ಎಳೆಯುತ್ತಿತ್ತು.

ಇದಕ್ಕೆ ಹಳೆಯ ಉಪಾಯವೊಂದಿದೆ. ಸಬ್‌ವೂಫರನ್ನು ನಾವು ಕೂರುವ ಜಾಗದಲ್ಲಿಟ್ಟು, ಕೆಳಸ್ವರದ ಸಂಗೀತ ಹಾಕಿ, ಅಂಬೆಗಾಲಿನಲ್ಲಿ ಗೋಡೆಯ ಗುಂಟ ಸಾಗುತ್ತಾ ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳುತ್ತವೆಯೋ ಅಲ್ಲಿ ಗುರುತು ಹಾಕುವುದು. ಆಮೇಲೆ ಅದನ್ನು ಆ ಗುರುತಿಗೆ ಸಾಗಿಸುವುದು. ನನಗೆ ಸಿಕ್ಕಿದ್ದು ಎಡಗೋಡೆಯ ಮೂರನೇ ಒಂದು ಭಾಗ ದಾಟಿದ ಜಾಗ. ಗುಂಯ್‌ಗುಡುವುದು ನಿಂತಿತು. ರಿಸೀವರಿನ ಪಟ್ಟಿಯಲ್ಲಿ ಎಲ್ಲ ಸ್ಪೀಕರ್‌ಗಳನ್ನೂ 'ಸಣ್ಣ' (ಕೆಳಸ್ವರವನ್ನು ಸಬ್‌ವೂಫರಿಗೆ ಬಿಟ್ಟುಕೊಡುವಂಥವು) ಎಂದು ಗುರುತಿಸಿ, ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿಯಾದ ಕ್ರಾಸ್‌ಓವರನ್ನು 80 ಹರ್ಟ್ಜ್‌ಗೆ ಇಟ್ಟು, ಸಬ್‌ವೂಫರಿನ ಮೇಲಿರುವ ಕ್ರಾಸ್‌ಓವರ್ ತಿರುಪನ್ನು ಅತಿ ಹೆಚ್ಚಿನ ಕೊನೆಯವರೆಗೆ ತಿರುಗಿಸಿದೆ. ಎರಡೂ ಕಡೆ ಸೋಸುವುದು ಬೇಡ. 80 ಹರ್ಟ್ಜ್‌ಗಿಂತ ಕೆಳಗಿನ ಸ್ವರ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗುರುತು ಹಿಡಿಯುವುದು ಕಷ್ಟ, ಹಾಗಾಗಿ ಪಕ್ಕದ ಗೋಡೆಯಲ್ಲಿದ್ದರೂ ಅಡ್ಡಿಯಿಲ್ಲ.

ಸಬ್‌ವೂಫರ್ ಬಂದ ಮೇಲೆ ಮಾತು ಇನ್ನಷ್ಟು ಸ್ವಚ್ಛವಾಯಿತು. ಕೆಳಸ್ವರದ ಭಾರ ಇಳಿದ ಸೆಂಟರ್ ಸ್ಪೀಕರಿನ ಕೋನ್ ಮಾತಿಗಾಗಿಯೇ ದುಡಿಯತೊಡಗಿತು. ಆದರೆ ಸಬ್‌ವೂಫರಿನ ಮಟ್ಟ ಏರಿಸಿದರೆ ಇದೇ ಲಾಭ ಕೈತಪ್ಪುತ್ತದೆ. ಗಟ್ಟಿಯಾದ ಕೆಳಸ್ವರ ತನ್ನ ಮೇಲಿನ ಸ್ವರಗಳನ್ನು ಮರೆಮಾಡುತ್ತದೆ.

ಸರೌಂಡ್ ಸ್ಪೀಕರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಳಿದಿದ್ದ ಜೊತೆಗಾರ ಬುಕ್‌ಶೆಲ್ಫಿಗೆ ಸಮನಾದ ಇನ್ನೊಂದನ್ನು ಹುಡುಕಿ, ಕುಳಿತವರ ಪಕ್ಕದಿಂದ ತುಸು ಹಿಂದಕ್ಕೆ, ನೇರ ಮುಂದಿನಿಂದ ಅಳೆದರೆ ಸುಮಾರು 110 ಡಿಗ್ರಿಯಲ್ಲಿ, ಕಿವಿಗಿಂತ ಸ್ವಲ್ಪ ಮೇಲೆ ಇಟ್ಟೆ. ವೈರ್‌ಲೆಸ್ ಜೋಡಣೆಯನ್ನೂ ಪ್ರಯತ್ನಿಸಿದೆ, ಆದರೆ ಅದರ ಹಿಂದಿನ ಘಟಕಕ್ಕೂ ಕರೆಂಟಿನ ಪ್ಲಗ್ ಬೇಕೇಬೇಕು, ವೈರ್ ತಪ್ಪಲಿಲ್ಲ. ಸಾಮಾನ್ಯ 16 ಗೇಜ್ ತಾಮ್ರದ ವೈರೇ ಸಾಕಾಯಿತು. ಅದರ ಹಲವು ಪಟ್ಟು ಬೆಲೆಯ ಕೇಬಲ್ ಹೂಡಿ ಕೇಳಿದಾಗ ನನಗಾಗಲೀ ಅಪ್ಪನಿಗಾಗಲೀ ಯಾವ ಭೇದವೂ ಕಾಣಲಿಲ್ಲ. ಚಾವಣಿಗೆ ಧ್ವನಿ ಎರಚಿ ಮೇಲಿನಿಂದ ಬಂದಂತೆ ಮಾಡುವ ಆಟ್ಮಾಸ್ ಸ್ಪೀಕರ್‌ಗಳನ್ನು ಒಂದು ವಾರ ಹೊಸ ರಿಸೀವರಿನೊಂದಿಗೆ ಎರವಲು ತಂದಿದ್ದೆ. ಅವಕ್ಕೆ ಸಮತಟ್ಟಾದ ಚಾವಣಿ ಬೇಕು, ನನ್ನದರಲ್ಲಿ ತೊಲೆಗಳಿವೆ. ಹಿಂತಿರುಗಿಸಿದೆ.

ಇನ್ನೊಂದು ವಿಷಯ ನೋವಿನಿಂದಲೇ ಹೇಳಬೇಕು. ಐದೂ ಸ್ಪೀಕರ್ ಹೂಡಿದ ಮೇಲೂ ಎರಡು ತಿಂಗಳು ಟಿವಿ ಎರಡೇ ಚಾನೆಲ್ ಕಳುಹಿಸುತ್ತಿತ್ತು. ರಿಸೀವರ್ ಅದನ್ನು ಐದಕ್ಕೆ ಹಂಚಿ ಕೊಡುತ್ತಿದ್ದುದರಿಂದ ಗೊತ್ತಾಗಲಿಲ್ಲ. ಟಿವಿಯ ಧ್ವನಿ ಸೆಟ್ಟಿಂಗಿನಲ್ಲಿ 'ಪಿಸಿಎಂ' (ಟಿವಿಯೇ ಧ್ವನಿಯನ್ನು ಬಿಡಿಸಿ ಕಳುಹಿಸುವುದು) ಎಂದಿದ್ದುದನ್ನು 'ಬಿಟ್‌ಸ್ಟ್ರೀಮ್' (ಬಂದ ಧ್ವನಿಯನ್ನು ಹಾಗೆಯೇ ದಾಟಿಸುವುದು) ಮಾಡಿದ ಮೇಲೆ ರಿಸೀವರಿನ ಮುಖದಲ್ಲಿ ಡಾಲ್ಬಿ ಎಂಬ ಅಕ್ಷರ ಮೂಡಿತು, ಜನಜಂಗುಳಿಯ ಗದ್ದಲ ಹಿಂದಕ್ಕೆ ಸರಿದು ಜಗಳದ ಮಾತು ನಡುವೆ ಬಿಡಿಯಾಗಿ ನಿಂತಿತು. ಆಪ್ಟಿಕಲ್ ಕೇಬಲ್ ಬಳಸುವವರಿಗೂ ಒಂದು ಮಾತು: ಸ್ಟ್ರೀಮಿಂಗ್‌ನಲ್ಲಿ ಬರುವ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಧ್ವನಿ ಮಾದರಿ ಅದರಲ್ಲಿ ಹಾಗೆಯೇ ಹರಿಯುವುದಿಲ್ಲ, ಎಆರ್‌ಸಿಯಲ್ಲಿ ಹರಿಯುತ್ತದೆ.

ಕೊನೆಗೆ ಅಳತೆ. ಮೈಕ್ ಇಟ್ಟು ರಿಸೀವರೇ ಮಾಡಿಕೊಳ್ಳುವ ಹೊಂದಾಣಿಕೆಯನ್ನೂ, ಟೇಪ್ ಮತ್ತು ಫೋನ್ ಹಿಡಿದು ನಾನೇ ಮಾಡಿದ್ದನ್ನೂ ಹೋಲಿಸಿದೆ. ದೂರ ಮತ್ತು ಮಟ್ಟಗಳಲ್ಲಿ ರಿಸೀವರಿನದೇ ನಿಖರ, ಮೈಕನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿನ ಮೇಲೆ ಕಿವಿಯ ಎತ್ತರಕ್ಕೆ ಇಟ್ಟರೆ. ಸಬ್‌ವೂಫರಿನ ದೂರವನ್ನು ಅದು ಇರುವುದಕ್ಕಿಂತ ಹೆಚ್ಚು ತೋರಿಸಿತು. ಅದು ತಪ್ಪಲ್ಲ, ಸಬ್‌ವೂಫರಿನೊಳಗಿನ ವಿಳಂಬವನ್ನೂ ಸೇರಿಸಿದ ಲೆಕ್ಕ. ಮುಂದಿನ ಸ್ಪೀಕರ್‌ಗಳನ್ನು 'ದೊಡ್ಡ' ಎಂದು ಗುರುತಿಸಿದ್ದನ್ನು ಮಾತ್ರ ನಾನು ತಿದ್ದಿದೆ. ಸೆಂಟರನ್ನು ಎರಡು ಡೆಸಿಬಲ್ ಏರಿಸಿದೆ.

ರಾತ್ರಿಗೆಂದು ರಿಸೀವರಿನಲ್ಲಿ ನೈಟ್ ಮೋಡ್ ಇದೆ, ಜೋರನ್ನು ತಗ್ಗಿಸಿ ಮೆಲುದನಿಯನ್ನು ಎತ್ತುತ್ತದೆ. ಸೆಂಟರ್ ಏರಿಸುವುದಕ್ಕೂ ಇದಕ್ಕೂ ಹೋಲಿಸಿದರೆ, ಹಗಲಿನಲ್ಲಿ ನನ್ನ ಮತ ಸೆಂಟರಿಗೇ. ನೈಟ್ ಮೋಡಿನಲ್ಲಿ ಮಳೆ ತೀರ ಹತ್ತಿರ ಬಂದು ದೃಶ್ಯದ ಆಳ ಕಳೆದುಹೋಗುತ್ತದೆ. ಮನೆಯವರು ಮಲಗಿದ ಮೇಲೆ ಎರಡನ್ನೂ ಬಳಸುತ್ತೇವೆ. ಅಪ್ಪ ವಾಲ್ಯೂಮನ್ನು 31ಕ್ಕೆ ಇಟ್ಟು, ರಿಮೋಟನ್ನು ಟಿವಿಯ ಪಕ್ಕದ ಹಲಗೆಯ ಮೇಲೆಯೇ ಬಿಟ್ಟು ಬಂದು ಕುಳಿತುಕೊಳ್ಳುತ್ತಾರೆ.